ವಾರಕ್ಕೊಂದು ಸಂಜೆ: ಕ್ರೈಸ್ತ ವಿದ್ಯಾರ್ಥಿ ಕೂಟಗಳೂ ಮನಸ್ಸಿನ ಆರೋಗ್ಯವೂ

ಶರೀರದ ಆರೋಗ್ಯದ ಬಗೆಗೆ ನಾವು ತೋರುವ ಕಾಳಜಿಯನ್ನು ಮನಸ್ಸಿನ ಆರೋಗ್ಯದ ವಿಷಯದಲ್ಲಿ ತೋರುವುದು ವಿರಳ. ಮಗನೋ ಮಗಳೋ ದೂರದ ಊರಿನ ವಿದ್ಯಾರ್ಥಿನಿಲಯಕ್ಕೆ ಹೊರಟಾಗ ಚಟ್ನಿಪುಡಿ, ಉಪ್ಪಿನಕಾಯಿ, ಜ್ವರದ ಮಾತ್ರೆಗಳನ್ನು ಮರೆಯದೆ ಕಟ್ಟಿಕೊಡುತ್ತೇವೆ. ಆದರೆ ಅಲ್ಲಿ ಸಂಜೆಯ ಹೊತ್ತು ಆ ಮಗುವಿನೊಡನೆ ಕುಳಿತು ಮಾತನಾಡುವವರು ಯಾರು ಎಂಬ ಪ್ರಶ್ನೆ ನಮಗೆ ಹೊಳೆಯುವುದಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಟಿಸಿರುವ ಅಂಕಿ ಅಂಶಗಳಂತೆ, 2022ನೆಯ ಇಸವಿಯೊಂದರಲ್ಲಿಯೇ ನಮ್ಮ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು. ಇದಕ್ಕೆ ಕಾರಣಗಳು ಹಲವು. ಆದರೆ ಅಳಲನ್ನು ಹೇಳಿಕೊಳ್ಳಲು ಯಾರೂ ಇಲ್ಲದಿರುವುದು ಎಂಥ ಕಷ್ಟವನ್ನೂ ಇಮ್ಮಡಿಗೊಳಿಸುತ್ತದೆ ಎಂಬುದನ್ನು ಅಲ್ಲಗಳೆಯುವಂತಿಲ್ಲ.

ಈ ಕೊರತೆಯನ್ನು ತುಂಬುವ ಒಂದು ಮಾರ್ಗವನ್ನು ವಿಶ್ವವಿದ್ಯಾನಿಲಯಗಳ ಕ್ರೈಸ್ತ ವಿದ್ಯಾರ್ಥಿಗಳು ಬಹುಕಾಲದ ಹಿಂದೆಯೇ ಕಂಡುಕೊಂಡರು. ಅದು ವಾರಕ್ಕೊಮ್ಮೆ ತಪ್ಪದೆ ಸೇರುವ ಕೂಟ. ಧರ್ಮಶ್ರದ್ಧೆಯಿಂದ ಹುಟ್ಟಿದ ಈ ಪದ್ಧತಿಯಲ್ಲಿ ಅನ್ಯಧರ್ಮೀಯರಾದ ನಾವೂ ಅರಿಯತಕ್ಕ ಅಂಶಗಳಿವೆ.

ಬೆಳೆದುಬಂದ ಬಗೆ

1844ರಲ್ಲಿ ಲಂಡನ್ನಿನ ಬಟ್ಟೆ ಅಂಗಡಿಯೊಂದರಲ್ಲಿ ದುಡಿಯುತ್ತಿದ್ದ ಜಾರ್ಜ್ ವಿಲಿಯಮ್ಸ್ ಎಂಬ ಹಳ್ಳಿಯ ತರುಣನು ತನ್ನಂಥ ಸಂಗಡಿಗರನ್ನು ಪ್ರಾರ್ಥನೆಗೂ ಸತ್ಯವೇದದ ಪಠನಕ್ಕೂ ಒಟ್ಟುಗೂಡಿಸಿದನು. ಇಂದು ಜಗತ್ತಿನ ನಗರ ನಗರಗಳಲ್ಲಿ ಕಾಣುವ ವೈ.ಎಂ.ಸಿ.ಎ. ಸಂಸ್ಥೆ ಮೊಳೆತದ್ದು ಹೀಗೆ. ನಗರಕ್ಕೆ ವಲಸೆ ಬಂದವರ ಒಂಟಿತನವೇ ಅದರ ಬೀಜವೆಂಬುದು ನಮ್ಮಂಥವರಿಗೆ ಬೇಗ ಅರ್ಥವಾಗುವ ಮಾತು.

ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ 1862ರಲ್ಲಿ ವಿದ್ಯಾರ್ಥಿಗಳ ನಿತ್ಯಪ್ರಾರ್ಥನಾ ಕೂಟ ಆರಂಭವಾಯಿತು. 1877ರಲ್ಲಿ ಅಲ್ಲಿನ ಬೇರೆ ಬೇರೆ ಕಾಲೇಜುಗಳ ಗುಂಪುಗಳು ಒಂದು ಸಂಘವಾಗಿ ಕೂಡಿದವು. 1879ರಲ್ಲಿ ಆಕ್ಸ್‌ಫರ್ಡ್ ಆ ಹಾದಿಯನ್ನು ಹಿಡಿಯಿತು. 1895ರಲ್ಲಿ ಸ್ವೀಡನ್ನಿನ ವಾಡ್‌ಸ್ಟೆನಾದಲ್ಲಿ ವಿಶ್ವ ವಿದ್ಯಾರ್ಥಿ ಕ್ರೈಸ್ತ ಒಕ್ಕೂಟದ ಸ್ಥಾಪನೆಯಾಯಿತು. ಅದರ ರೂವಾರಿಗಳಲ್ಲಿ ಪ್ರಮುಖರಾದ ಜಾನ್ ಮಾಟ್ ಅವರಿಗೆ 1946ರಲ್ಲಿ ನೊಬೆಲ್ ಶಾಂತಿ ಪಾರಿತೋಷಕ ದೊರೆಯಿತು.

ಭಾರತದಲ್ಲಿ ಸ್ಟೂಡೆಂಟ್ ಕ್ರಿಶ್ಚಿಯನ್ ಮೂವ್‌ಮೆಂಟ್ ಆರಂಭವಾದುದು 1912ರಲ್ಲಿ. ಅದರ ಪ್ರಧಾನ ಕಚೇರಿ ನಮ್ಮ ಬೆಂಗಳೂರಿನಲ್ಲಿಯೇ ಇದೆ. 1954ರಲ್ಲಿ ಯೂನಿಯನ್ ಆಫ್ ಇವ್ಯಾಂಜೆಲಿಕಲ್ ಸ್ಟೂಡೆಂಟ್ಸ್ ಆಫ್ ಇಂಡಿಯಾ ಹುಟ್ಟಿತು. ಮೊದಲನೆಯದು ಸಭೆಗಳ ಐಕ್ಯಕ್ಕೂ ಸಾಮಾಜಿಕ ನ್ಯಾಯಕ್ಕೂ ಹೆಚ್ಚಿನ ಒತ್ತು ಕೊಟ್ಟರೆ, ಎರಡನೆಯದು ಸತ್ಯವೇದದ ಅಧ್ಯಯನಕ್ಕೂ ವೈಯಕ್ತಿಕ ವಿಶ್ವಾಸಕ್ಕೂ ಒತ್ತು ಕೊಡುತ್ತದೆ. ಹಲವು ಕಾಲೇಜುಗಳಲ್ಲಿ ‘ಇ.ಯು.’ ಎಂಬ ಎರಡಕ್ಷರದಿಂದ ಪರಿಚಿತವಾಗಿರುವ ಗುಂಪುಗಳು ಈ ಎರಡನೆಯ ಸಂಸ್ಥೆಗೆ ಸೇರಿದವು.

ಕೂಟದ ಕ್ರಮ

ಇಂಥ ಕೂಟಕ್ಕೆ ಆಡಂಬರವಿಲ್ಲ. ಪಾಠ ಮುಗಿದ ಮೇಲೆ ಬರಿದಾದ ತರಗತಿಯೋ ವಿದ್ಯಾರ್ಥಿನಿಲಯದ ಒಂದು ಕೋಣೆಯೋ ಸಾಕು. ಗಿಟಾರಿನೊಡನೆ ಒಂದೆರಡು ಕೀರ್ತನೆ, ಕಿರು ಪ್ರಾರ್ಥನೆ, ಅನಂತರ ಸತ್ಯವೇದದ ಒಂದು ಭಾಗದ ಓದು. ಇಲ್ಲಿ ಉಪದೇಶಕ್ಕಿಂತ ಪ್ರಶ್ನೆಗೆ ಪ್ರಾಧಾನ್ಯ. ಈ ಭಾಗ ಏನನ್ನು ಹೇಳುತ್ತದೆ, ಅದರ ಅರ್ಥವೇನು, ನನ್ನ ಬಾಳಿಗೆ ಅದು ಹೇಗೆ ಅನ್ವಯಿಸುತ್ತದೆ ಎಂಬ ಮೂರು ಮೆಟ್ಟಿಲುಗಳನ್ನು ಎಲ್ಲರೂ ಸೇರಿ ಏರುತ್ತಾರೆ. ಕೊನೆಯಲ್ಲಿ ಒಬ್ಬೊಬ್ಬರೂ ತಮ್ಮ ಚಿಂತೆಯನ್ನು ಹೇಳಿಕೊಳ್ಳಬಹುದು. ಪರೀಕ್ಷೆಯ ಭಯ, ತಾಯಿಯ ಕಾಯಿಲೆ, ಶುಲ್ಕ ತೆರಲು ಹಣವಿಲ್ಲದ ಸಂಕಟ, ಯಾವುದೂ ಅಲ್ಲಿ ಕ್ಷುಲ್ಲಕವಲ್ಲ. ಉಳಿದವರು ಅದಕ್ಕಾಗಿ ಪ್ರಾರ್ಥಿಸುತ್ತಾರೆ. ಮುಂದಿನ ವಾರ ಏನಾಯಿತೆಂದು ಕೇಳುತ್ತಾರೆ. ಬಳಿಕ ಚಹಾ, ಬಿಸ್ಕತ್ತು, ಹರಟೆ.

ಈ ಕೂಟವನ್ನು ನಡೆಸುವವರು ವಿದ್ಯಾರ್ಥಿಗಳೇ. ಓದು ಮುಗಿಸಿ ಉದ್ಯೋಗ ಹಿಡಿದ ಹಿರಿಯರು ಹಿನ್ನೆಲೆಯಲ್ಲಿದ್ದು, ಒಮ್ಮೊಮ್ಮೆ ಮನೆಯೂಟಕ್ಕೆ ಕರೆಯುತ್ತಾರೆ. ಗುಂಪು ಚಿಕ್ಕದಾದ್ದರಿಂದ ಒಬ್ಬನು ಬಾರದಿದ್ದರೆ ಅದು ಕೂಡಲೇ ಗೊತ್ತಾಗುತ್ತದೆ. ಜ್ವರ ಬಂದು ಮಲಗಿದವನ ಕೋಣೆಯ ಬಾಗಿಲನ್ನು ಯಾರೋ ಒಬ್ಬರು ತಟ್ಟುತ್ತಾರೆ. ಕೂಟದ ನಿಜವಾದ ಶಕ್ತಿ ಇರುವುದು ಇಲ್ಲಿಯೇ ಎಂದು ತೋರುತ್ತದೆ.

ವೈದ್ಯಶಾಸ್ತ್ರದ ಮಾತು

ಅಮೆರಿಕದ 74,534 ಮಂದಿ ದಾದಿಯರನ್ನು ಹಲವು ವರ್ಷಗಳ ಕಾಲ ಗಮನಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ವಾರಕ್ಕೆ ಒಂದಕ್ಕಿಂತ ಹೆಚ್ಚು ಬಾರಿ ಆರಾಧನೆಗೆ ಹೋಗುವವರಲ್ಲಿ ಸಾವಿನ ಪ್ರಮಾಣ ಎಂದೂ ಹೋಗದವರಿಗಿಂತ ಶೇಕಡಾ 33ರಷ್ಟು ಕಡಿಮೆಯಿದ್ದುದನ್ನು ತೋರಿಸಿತು. ಈ ಲಾಭಕ್ಕೆ ಒಂದು ಮುಖ್ಯ ಕಾರಣ ಪರಸ್ಪರ ಆಸರೆ. ಅವರೆಲ್ಲ ಸ್ತ್ರೀಯರು, ಬಹುಪಾಲು ಕ್ರೈಸ್ತರು. ಆದುದರಿಂದ ಈ ಫಲಿತಾಂಶವನ್ನು ಎಲ್ಲರಿಗೂ ಹಾಗೆಯೇ ಅನ್ವಯಿಸುವಂತಿಲ್ಲ. ಆದರೂ ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿ ಇದೇ ದಿಕ್ಕಿನತ್ತ ಬೆರಳು ತೋರುತ್ತದೆ: ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರನ್ನು ಒಂಟಿತನ ಕಾಡುತ್ತಿದೆ.

ಮಿತಿಯನ್ನೂ ಅರಿಯಬೇಕು

ಪ್ರಾರ್ಥನೆ ಔಷಧಿಗೆ ಬದಲಿಯಲ್ಲ. ವಾರಗಟ್ಟಲೆ ನಿದ್ದೆಯಿಲ್ಲದಿರುವುದು, ಊಟ ಸೇರದಿರುವುದು, ಬದುಕೇ ಬೇಡವೆನ್ನುವ ಮಾತು, ಇವು ಕಂಡಾಗ ವೈದ್ಯರಲ್ಲಿಗೆ ಹೋಗಲೇಬೇಕು. ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶನದಲ್ಲಿ 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ದೂರವಾಣಿ ಸೇವೆಯ ಸಂಖ್ಯೆ 14416, ಅದಕ್ಕೆ ಶುಲ್ಕವಿಲ್ಲ. ಇನ್ನು, ಸ್ನೇಹವೇ ಮತಾಂತರದ ಒತ್ತಾಯವಾಗಬಾರದು, ಸಂದೇಹ ಪಟ್ಟವನು ಪರಕೀಯನಾಗಬಾರದು. ಬರುವುದಕ್ಕಿರುವಷ್ಟೇ ಸ್ವಾತಂತ್ರ್ಯ ಬಿಡುವುದಕ್ಕೂ ಇರುವ ಕೂಟವೇ ಆರೋಗ್ಯಕರವಾದ ಕೂಟ. ಈ ಮಾತು ಯಾವ ಧರ್ಮದ, ಯಾವ ಭಾಷೆಯ ಸಂಘಕ್ಕಾದರೂ ಸಲ್ಲುತ್ತದೆ.

ನಮ್ಮ ಪಾಲಿನ ಕೆಲಸ

ಹೊರನಾಡಿನ ಕನ್ನಡ ಸಂಘಗಳಾದ ನಾವು ರಾಜ್ಯೋತ್ಸವ, ಯುಗಾದಿ, ನಾಟಕಗಳನ್ನು ಅದ್ದೂರಿಯಾಗಿ ನಡೆಸುತ್ತೇವೆ. ಅದು ಬೇಕು. ಆದರೆ ವರ್ಷಕ್ಕೊಮ್ಮೆ ಉಣ್ಣುವ ಹಬ್ಬದೂಟದಿಂದ ಶರೀರ ನಿಲ್ಲುವುದಿಲ್ಲ, ದಿನದಿನದ ಅನ್ನದಿಂದ ನಿಲ್ಲುತ್ತದೆ. ಮನಸ್ಸಿನ ಪೋಷಣೆಯೂ ಹಾಗೆಯೇ. ನಮ್ಮ ನಗರದ ವಿದ್ಯಾರ್ಥಿನಿಲಯಗಳಲ್ಲಿ ಧಾರವಾಡದಿಂದಲೋ ಹಾಸನದಿಂದಲೋ ಬಂದು ಓದುತ್ತಿರುವ ಮಕ್ಕಳು ಇದ್ದೇ ಇರುತ್ತಾರೆ. ಅವರಿಗಾಗಿ ವಾರದ ಒಂದು ಸಂಜೆ ಸಂಘದ ಬಾಗಿಲು ತೆರೆದಿರಲಿ. ಒಂದು ಪುಸ್ತಕದ ಓದು, ಒಂದಿಷ್ಟು ಹಾಡು, ಉಪ್ಪಿಟ್ಟು, ಕಾಫಿ ಇರಲಿ. ಎಲ್ಲಕ್ಕಿಂತ ಮಿಗಿಲಾಗಿ, “ಹೋದ ವಾರ ಯಾಕಪ್ಪಾ ಬರಲಿಲ್ಲ?” ಎಂದು ಕೇಳುವ ಒಬ್ಬ ಹಿರಿಯರು ಅಲ್ಲಿರಲಿ.