ನಿಮಗಿದು ಗೊತ್ತೇ? ಗಡ್ಡೆಗಳೆಲ್ಲ ಕ್ಯಾನ್ಸರಲ್ಲ

ಮೆದುಳಿಗೆ ಚಾಕು ತಾಗಿದರೂ ನೋವಾಗುವುದಿಲ್ಲ. ಮೈಯ ನೋವನ್ನೆಲ್ಲ ಅರಿಯುವ ಆ ಅಂಗದಲ್ಲಿ ನೋವು ಹಿಡಿಯುವ ನರತುದಿಗಳೇ ಇಲ್ಲ. ತಲೆ ನೋಯುವುದು ಮೆದುಳಿನ ಹೊದಿಕೆಯೂ ರಕ್ತನಾಳಗಳೂ ಜಗ್ಗಿದಾಗ. ಹಾಗಾಗಿ ಮಾತಿನ ಕೇಂದ್ರದ ಪಕ್ಕದಲ್ಲಿ ಗಡ್ಡೆಯಿದ್ದರೆ ರೋಗಿಯನ್ನು ಎಚ್ಚರವಾಗಿಟ್ಟು, ಚಿತ್ರ ತೋರಿಸಿ ಹೆಸರು ಕೇಳುತ್ತ ಶಸ್ತ್ರಚಿಕಿತ್ಸೆ ಮಾಡುವುದುಂಟು. ಮಾತು ತಡವರಿಸಿತೋ, ಆ ಜಾಗವನ್ನು ಮುಟ್ಟದೆ ಬಿಡುತ್ತಾರೆ.

ಎರಡು ಭಾಷೆ ಬಲ್ಲವರಲ್ಲಿ ಎರಡೂ ಒಂದೇ ಜಾಗದಲ್ಲಿ ಕೂತಿರಬೇಕೆಂದಿಲ್ಲ, ಅಕ್ಕಪಕ್ಕ ಸರಿದಿರಬಹುದು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಗೆಳೆಯರೊಡನೆ ಉರ್ದು ಆಡುವ ರಾಯಚೂರಿನವರು ಮೂರನ್ನೂ ವೈದ್ಯರಿಗೆ ಮೊದಲೇ ಹೇಳಿಡುವುದು ಒಳ್ಳೆಯದು.

ಸ್ಕ್ಯಾನಿಂಗ್ ಇಲ್ಲದ ಕಾಲದಲ್ಲೇ ಗಡ್ಡೆಯ ಜಾಗ ಗುರುತಿಸಿದವರಿದ್ದಾರೆ. ಲಂಡನ್ನಿನ ವೈದ್ಯ ಹ್ಯೂಸ್ ಬೆನೆಟ್ ರೋಗಿಯ ಎಡಮುಖ, ಎಡಗೈ ಅದುರುವ ಕ್ರಮವನ್ನು ನೋಡಿ, ಗಡ್ಡೆ ಬಲಮೆದುಳಿನ ಇಂಥ ಕಡೆ ಇದೆ ಎಂದರು. 1884ರ ನವೆಂಬರ್ 25ರಂದು ರಿಕ್‌ಮನ್ ಗಾಡ್ಲಿ ಬುರುಡೆ ತೆರೆದರೆ, ಗಡ್ಡೆ ಅಲ್ಲೇ ಇತ್ತು! ರೋಗಿ ಸುಮಾರು ನಾಲ್ಕು ವಾರ ಬದುಕಿ, ಸೋಂಕಿನಿಂದ ತೀರಿಕೊಂಡ. 1887ರಲ್ಲಿ ವಿಕ್ಟರ್ ಹಾರ್ಸ್ಲಿ ಬೆನ್ನುಹುರಿಯ ಗಡ್ಡೆ ತೆಗೆದಾಗ ಅದೃಷ್ಟ ಕೈಹಿಡಿಯಿತು. ಕಾಲಿನ ಶಕ್ತಿ ಕಳೆದುಕೊಂಡಿದ್ದ ಆ ರೋಗಿ ಮತ್ತೆ ನಡೆದಾಡಿದ.

ಬೆನೆಟ್ ಮಾಡಿದ ಕೆಲಸದ ಅರ್ಧವನ್ನು ರೋಗಿಯ ಮನೆಯವರೂ ಮಾಡಬಹುದು. ಫಿಟ್ಸ್ ಬಂದಾಗ ಮೊದಲು ಅದುರಿದ್ದು ಯಾವ ಕೈ? ಕಣ್ಣು ಯಾವ ಕಡೆ ತಿರುಗಿತ್ತು? ರೋಗಿಯನ್ನು ಪಕ್ಕಕ್ಕೆ ಮಲಗಿಸಿ, ಇನ್ನೊಬ್ಬರು ಮೊಬೈಲಿನಲ್ಲಿ ವಿಡಿಯೋ ಹಿಡಿದರೆ ಡಾಕ್ಟರಿಗೆ ಅದು ದೊಡ್ಡ ಸುಳಿವು. ಕೈಗೆ ಬೀಗದ ಕೈ ಕೊಡುವುದರಿಂದಾಗಲಿ, ಮೂಗಿಗೆ ಉಳ್ಳಾಗಡ್ಡಿ ಹಿಡಿಯುವುದರಿಂದಾಗಲಿ ಏನೂ ಪ್ರಯೋಜನವಿಲ್ಲ. ‘ಗಾಳಿ ಸೋಕೇದ’ ಎಂದು ಕಳೆಯುವ ತಿಂಗಳುಗಳಂತೂ ಇದಕ್ಕಿಂತ ದುಬಾರಿ. ದೊಡ್ಡವರಿಗೆ ಹೊಸದಾಗಿ ಫಿಟ್ಸ್ ಬಂದರೆ ಸ್ಕ್ಯಾನ್ ಆಗಲೇಬೇಕು.

ಸ್ಕ್ಯಾನಿನಲ್ಲಿ ಉಂಗುರದಂಥ ಗಂಟು ಕಂಡಿತೆ? ಎದೆ ಒಡೆದುಕೊಳ್ಳಬೇಡಿ. ನಮ್ಮ ದೇಶದಲ್ಲಿ ಅದು ಟಿಬಿಯ ಗಂಟು ಇರಬಹುದು, ಲಾಡಿಹುಳದ ಮರಿ ಕೂತ ಚೀಲವಿರಬಹುದು. ಟಿಬಿಗೆ ತಿಂಗಳುಗಟ್ಟಲೆ ಮಾತ್ರೆ ನುಂಗಬೇಕು, ಹುಳದ ಚೀಲಕ್ಕೂ ಮಾತ್ರೆಯುಂಟು, ಕೆಲವು ತಾವಾಗಿಯೇ ಒಣಗಿಹೋಗುತ್ತವೆ. ‘ನಾವು ಶಾಖಾಹಾರಿಗಳು, ನಮಗೆಲ್ಲಿಂದ ಹುಳ?’ ಎಂಬ ಪ್ರಶ್ನೆ ಪ್ರತಿ ಸಲ ಬರುತ್ತದೆ. ಸರಿಯಾಗಿ ಬೇಯದ ಹಂದಿಮಾಂಸ ತಿಂದವರ ಕರುಳಿನಲ್ಲಿ ಮರಿ ಬೆಳೆದು ಹುಳವಾಗುತ್ತದೆ. ಮೆದುಳಿಗೆ ಹೋಗುವುದು ಮನುಷ್ಯರ ಮಲದಲ್ಲಿರುವ ಅದರ ಮೊಟ್ಟೆ ಹೊಟ್ಟೆ ಸೇರಿದಾಗ ಒಡೆದು ಬರುವ ಮರಿ. ಬಯಲುಶೌಚದ ಮಣ್ಣು ಹತ್ತಿದ ಮೂಲಂಗಿಗೆ ಶಾಖಾಹಾರಿ, ಮಾಂಸಾಹಾರಿ ಎಂಬ ಭೇದವಿಲ್ಲ.

ಸಿಟಿ ಸ್ಕ್ಯಾನ್ ಹುಟ್ಟಿದ್ದು ಹಾಡಿನ ರೆಕಾರ್ಡ್ ಮಾರುತ್ತಿದ್ದ ಇಎಂಐ ಕಂಪನಿಯಲ್ಲಿ. ಅಲ್ಲಿನ ಎಂಜಿನಿಯರ್ ಗಾಡ್‌ಫ್ರಿ ಹೌನ್ಸ್‌ಫೀಲ್ಡರ ಯಂತ್ರ 1971ರ ಅಕ್ಟೋಬರ್ 1ರಂದು ಮೊದಲ ರೋಗಿಯ ತಲೆಯ ಚಿತ್ರ ತೆಗೆದಾಗ ಕಂಡದ್ದೂ ಮೆದುಳಿನ ಗಡ್ಡೆಯೇ. 1979ರಲ್ಲಿ ನೊಬೆಲ್ ಬಂತು.

ಅದಕ್ಕೂ ಮೊದಲು? ಕಣ್ಣು. ಬುರುಡೆಯೊಳಗೆ ಒತ್ತಡ ಏರಿದರೆ ಕಣ್ಣಿನ ಹಿಂದಿನ ನರ ಊದಿಕೊಳ್ಳುತ್ತದೆ. 1851ರಲ್ಲಿ ಹೆಲ್ಮ್‌ಹೋಲ್ಟ್ಸ್ ರೂಪಿಸಿದ ಕೈಯಳತೆಯ ಉಪಕರಣದಿಂದ ಅದನ್ನು ಇಂದಿಗೂ ನೋಡಬಹುದು. ದೇವದುರ್ಗದಲ್ಲೋ ಮಾನ್ವಿಯಲ್ಲೋ ಕೂತ ಕಣ್ಣಿನ ಡಾಕ್ಟರು ಎಂಆರ್‌ಐಗಿಂತ ಮೊದಲೇ ಅನುಮಾನಪಡಲು ಅಷ್ಟು ಸಾಕು. ಬೆಳಗಿನ ಜಾವ ತಲೆನೋವು, ಜೊತೆಗೆ ವಾಂತಿ, ನೋಟ ಮಸುಕು: ಇವು ಮೂರೂ ಸೇರಿದವೆಂದರೆ ಕನ್ನಡಕ ಬದಲಿಸಿ ಸುಮ್ಮನಾಗಬೇಡಿ.

ಬಸುರಿಯಲ್ಲ, ಬಾಣಂತಿಯಲ್ಲ, ಆದರೂ ಎದೆಹಾಲು. ಮುಟ್ಟು ನಿಂತಿದೆ, ಮಕ್ಕಳಾಗುತ್ತಿಲ್ಲ. ಅತ್ತೆಮನೆಯವರು ಸೊಸೆಯನ್ನು ದೂರುವ ಮೊದಲು ಪ್ರೊಲ್ಯಾಕ್ಟಿನ್ ರಕ್ತಪರೀಕ್ಷೆ ಮಾಡಿಸಲಿ. ಕಾರಣ ಹಲವಿರಬಹುದು. ಅವುಗಳಲ್ಲೊಂದು, ಮೆದುಳಿನ ಅಡಿಯಲ್ಲಿ ಕಡಲೆಕಾಳಿನಷ್ಟಿರುವ ಪಿಟ್ಯುಟರಿ ಗ್ರಂಥಿಯಲ್ಲಿ ಬೆಳೆದ ಗಡ್ಡೆ. ಈ ಬಗೆಯ ಗಡ್ಡೆ ಬಹುಪಾಲು ಕ್ಯಾಬರ್ಗೋಲಿನ್ ಎಂಬ ಮಾತ್ರೆಗೇ ಕುಗ್ಗುತ್ತದೆ. ಕತ್ತಿ ಬೇಕಿಲ್ಲ! ಅದೇ ಗ್ರಂಥಿಯ ಇನ್ನೊಂದು ಗಡ್ಡೆ ಬೆಳವಣಿಗೆಯ ಹಾರ್ಮೋನನ್ನು ಸುರಿಸುತ್ತದೆ. ಉಂಗುರ ಬಿಗಿಯಾಗುತ್ತದೆ, ಚಪ್ಪಲಿಯ ನಂಬರ್ ಏರುತ್ತದೆ, ದವಡೆ ಮುಂದೆ ಬರುತ್ತದೆ. ಇದಕ್ಕೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಬೇಕು, ಆದರೆ ದಾರಿ ಮೂಗಿನ ಮೂಲಕ. ತಲೆ ಬೋಳಿಸುವ ಪ್ರಸಂಗವೇ ಇಲ್ಲ.

ಫೋನನ್ನು ಎಡಗಿವಿಯಿಂದ ಬಲಗಿವಿಗೆ ಬದಲಿಸಿಕೊಂಡಿದ್ದೀರಾ? ಒಂದೇ ಕಿವಿ ಮೆಲ್ಲಗೆ ಮಂದವಾಗುತ್ತ ಹೋದರೆ ಶ್ರವಣನರದ ಗಡ್ಡೆಯನ್ನೂ ನೆನೆಯಬೇಕು. ಅದು ಕ್ಯಾನ್ಸರಲ್ಲ. ಚಿಕ್ಕದಿದ್ದರೆ ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡಿಸಿ ಕಾಯುವುದೂ ಚಿಕಿತ್ಸೆಯೇ. ಇಲ್ಲವೆ ಗಾಮಾ ನೈಫ್. ಹೆಸರಲ್ಲಿ ಚಾಕುವಿದ್ದರೂ ಇರುವುದು ಕೋಬಾಲ್ಟ್‌ನ ಸುಮಾರು ಇನ್ನೂರು ಕಿರಣಗಳು, ಎಲ್ಲವೂ ಒಂದೇ ಬಿಂದುವಿಗೆ. ಸ್ವೀಡನ್ನಿನ ಲಾರ್ಸ್ ಲೆಕ್ಸೆಲ್‌ರ ಈ ಕಲ್ಪನೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಕೆಲಸ ಮಾಡುತ್ತದೆ.

ದೊಡ್ಡವರ ಮೆದುಳಿನಲ್ಲಿ, ಅಲ್ಲೇ ಹುಟ್ಟಿದ ಗಡ್ಡೆಗಿಂತ ಶ್ವಾಸಕೋಶ, ಸ್ತನಗಳಿಂದ ಬಂದು ಕೂತ ಕ್ಯಾನ್ಸರೇ ಹೆಚ್ಚು. ಬೆನ್ನುಮೂಳೆಯದೂ ಇದೇ ಕಥೆ.

ಬೆನ್ನುನೋವು ಹತ್ತಿ ಬಿಡಿಸುವವರಿಗೂ ಭತ್ತ ನಾಟಿ ಮಾಡುವವರಿಗೂ ಹೊಸದಲ್ಲ. ಆದರೆ ಮಲಗಿದಾಗಲೇ ಜಾಸ್ತಿಯಾಗಿ ರಾತ್ರಿ ಎಬ್ಬಿಸುವ ನೋವು ಬೇರೆ. ಅದರ ಜೊತೆ ಕಾಲು ಸೋತರೆ, ಮೂತ್ರ ಕಟ್ಟಿದರೆ, ಚಪ್ಪಲಿ ಜಾರಿದ್ದು ತಿಳಿಯದಿದ್ದರೆ ಅದು ಅದೇ ದಿನ ಹೊರಡಬೇಕಾದ ತುರ್ತು. ಒತ್ತಿಹಿಡಿದ ಬೆನ್ನುಹುರಿ ಹೆಚ್ಚು ದಿನ ಕಾಯುವುದಿಲ್ಲ. ಕಾಲು ಪೂರ್ತಿ ಬಿದ್ದಮೇಲೆ ಹೋದವರಲ್ಲಿ ಮತ್ತೆ ನಡೆಯುವವರು ಕಡಿಮೆ. ತಿಕ್ಕಿಸುವುದು, ತುಳಿಸುವುದು ಬೇಡವೇ ಬೇಡ.

ಡೆಕ್ಸಾಮೆಥಸೋನ್ ಎಂಬ ಮಾತ್ರೆ ಕೊಟ್ಟ ಎರಡೇ ದಿನಕ್ಕೆ ರೋಗಿ ಎದ್ದು ರೊಟ್ಟಿ ತಿನ್ನುತ್ತಾನೆ. ‘ಆರಾಮಾತು, ಊರಿಗೆ ಹೋಗೋಣ ನಡೀರಿ’ ಎಂದು ಮನೆಯವರು ಹೊರಟೇಬಿಡುತ್ತಾರೆ. ಇಳಿದದ್ದು ಗಡ್ಡೆಯ ಸುತ್ತಲಿನ ಬಾವು, ಗಡ್ಡೆ ಇದ್ದಲ್ಲೇ ಇರುತ್ತದೆ. ಆ ಮಾತ್ರೆಯನ್ನು ಥಟ್ಟನೆ ನಿಲ್ಲಿಸುವುದೂ ಅಪಾಯ.

ಗಡ್ಡೆಗಳಿಗೆ 1ರಿಂದ 4ರವರೆಗೆ ದರ್ಜೆಯಿದೆ. ಮೆದುಳಿನ ಹೊದಿಕೆಯಲ್ಲಿ ಹುಟ್ಟುವ, ಹೆಂಗಸರಲ್ಲಿ ಹೆಚ್ಚು ಕಾಣುವ ಮೆನಿಂಜಿಯೋಮ ಬಹುಪಾಲು 1. ಗ್ಲಿಯೋಬ್ಲಾಸ್ಟೋಮ ಎಂಬ ಮೆದುಳಿನ ಕ್ಯಾನ್ಸರ್ 4. ಇದರ ಬಗ್ಗೆ ಸುಳ್ಳು ಸಮಾಧಾನ ಹೇಳಲಾಗದು. ವಿಕಿರಣದ ಜೊತೆ ಟೆಮೊಜೊಲೊಮೈಡ್ ಎಂಬ ಔಷಧ ಕೊಟ್ಟ 2005ರ ಪ್ರಸಿದ್ಧ ಅಧ್ಯಯನದಲ್ಲಿ ಅರ್ಧದಷ್ಟು ರೋಗಿಗಳು ಬದುಕಿರುವ ಅವಧಿ 12.1 ತಿಂಗಳಿಂದ 14.6ಕ್ಕೆ ಏರಿತು, ಅಷ್ಟೆ. ಆದರೆ ಎರಡು ವರ್ಷ ದಾಟಿದವರು ನೂರಕ್ಕೆ 10ರಿಂದ 26ಕ್ಕೆ ಹೆಚ್ಚಿದರು.

ಗಾಮಾ ನೈಫ್ ಇರುವ ಬೆಂಗಳೂರಿನ ಆ ಆಸ್ಪತ್ರೆಗೆ ನಿಮ್ಹಾನ್ಸ್ ಎಂಬ ಹೆಸರು ಬಂದದ್ದು 1974ರಲ್ಲಿ. ಅದರ ಸ್ಥಾಪಕ ನಿರ್ದೇಶಕ ಡಾ. ಆರ್. ಮಾರ್ತಾಂಡ ವರ್ಮ ನರಶಸ್ತ್ರಚಿಕಿತ್ಸಕರು. ಅಲ್ಲಿನ ಮೆದುಳು ವಸ್ತುಸಂಗ್ರಹಾಲಯದಲ್ಲಿ ನಿಜವಾದ ಮಾನವ ಮೆದುಳನ್ನು ಕೈಯಲ್ಲಿ ಹಿಡಿದು ನೋಡಬಹುದು.

ಬಡವರಿಗೆ ದುಬಾರಿ ಶಸ್ತ್ರಚಿಕಿತ್ಸೆಯನ್ನು ಪುಕ್ಕಟೆ ಕೊಡುತ್ತಿದ್ದ ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ಮೊದಲು ಶುರುವಾದದ್ದು ಬೆಂಗಳೂರಲ್ಲಲ್ಲ, ರಾಯಚೂರೂ ಸೇರಿದ ಅಂದಿನ ಗುಲಬರ್ಗಾ ವಿಭಾಗದಲ್ಲಿ. ನರರೋಗ ಶಸ್ತ್ರಚಿಕಿತ್ಸೆಯೂ ಅದರಲ್ಲಿತ್ತು. ಯೋಜನೆಯಿದ್ದ ಉತ್ತರದ ಹಳ್ಳಿಗಳನ್ನೂ ಇಲ್ಲದ ನೆರೆಯ ಹಳ್ಳಿಗಳನ್ನೂ, ಒಟ್ಟು 572, ಹೋಲಿಸಿದ ಅಧ್ಯಯನ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಯೋಜನೆಗೆ ಒಳಪಟ್ಟ ಕಾಯಿಲೆಗಳಿಂದಾಗುವ ಸಾವು ಬಡಕುಟುಂಬಗಳಲ್ಲಿ 64% ಕಡಿಮೆಯಿತ್ತು. ಎಲ್ಲ ದೊಡ್ಡ ಕಾಯಿಲೆಗಳನ್ನೂ ಒಟ್ಟುಗೂಡಿಸಿದ ಲೆಕ್ಕವಿದು, ಗಡ್ಡೆಯದೊಂದೇ ಅಲ್ಲ. ಆದರೂ ಬೆರಗಿನದು. ಹಿಂದುಳಿದದ್ದು ಎಂದು ಕರೆಸಿಕೊಂಡು ಸಾಕಾದ ನಮ್ಮ ಸೀಮೆ ಜಗತ್ತಿಗೊಂದು ಪುರಾವೆ ಕೊಟ್ಟದ್ದನ್ನು ಇಲ್ಲಿ ಯಾರೂ ಹೇಳಿಕೊಳ್ಳುವುದಿಲ್ಲ. ರಾಯಚೂರಿಗೆ ಏಮ್ಸ್ ಬೇಕೆಂದು 2022ರ ಮೇ ತಿಂಗಳಲ್ಲಿ ಧರಣಿ ಕೂತವರಾದರೂ ಹೇಳಬಹುದು.

ಈಗಿರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ರಕ್ಷಣೆ. ತುರ್ತಲ್ಲದ ದೊಡ್ಡ ಚಿಕಿತ್ಸೆಗೆ ರಾಯಚೂರಿನ ರಿಮ್ಸ್‌ನಂಥ ಸರ್ಕಾರಿ ಆಸ್ಪತ್ರೆಯ ರೆಫರ್ ಚೀಟಿ ಬೇಕು. ಹತ್ತಿರವೆಂದು ಹೈದರಾಬಾದಿನ ಬಸ್ ಹತ್ತುವ ಮುಂಚೆ, ಕಾರ್ಡ್ ಅಲ್ಲಿ ನಡೆಯುತ್ತದೆಯೇ ಎಂದು ಕೇಳಿಕೊಳ್ಳಿ.

ಶಸ್ತ್ರಚಿಕಿತ್ಸೆ ಮುಗಿದಮೇಲೆ ಸ್ಕ್ಯಾನಿನ ಸಿಡಿಯ ಜೊತೆ ಬಯಾಪ್ಸಿಯ ಮೇಣದ ಬ್ಲಾಕನ್ನೂ (ಗಡ್ಡೆಯ ತುಣುಕನ್ನು ಹುದುಗಿಸಿಟ್ಟ ಮೇಣ) ಕೇಳಿ ಪಡೆಯಬಹುದು. 2021ರ ವಿಶ್ವ ಆರೋಗ್ಯ ಸಂಸ್ಥೆಯ ವಿಂಗಡಣೆಯ ಪ್ರಕಾರ ಎಷ್ಟೋ ಗಡ್ಡೆಗಳ ಹೆಸರು ನಿರ್ಧಾರವಾಗುವುದೇ ಜೀನ್ ಪರೀಕ್ಷೆಯಿಂದ. ಆ ಪರೀಕ್ಷೆಯನ್ನು ಬ್ಲಾಕಿನಿಂದ ವರ್ಷಗಳ ನಂತರವೂ, ಬೇರೆ ಊರಿನಲ್ಲೂ ಮಾಡಿಸಬಹುದು. ಬಿಸಿಲಿಗೆ ಮಾತ್ರ ಇಡಬೇಡಿ. ರಾಯಚೂರಿನ ಏಪ್ರಿಲ್ ಬಿಸಿಲಿಗೆ ಮೇಣ ತಡೆಯುವುದಿಲ್ಲ.