7 ನಿಮಿಷದ ಕುರಿಗೆ 85 ನಿಮಿಷದ ಸಿನಿಮಾ

ಬ್ರಿಟನ್ನಿನ ಮಕ್ಕಳ ಟೀವಿ ಸರಣಿ ‘ಶಾನ್ ದ ಶೀಪ್’ನ ಒಂದು ಕಂತಿಗೆ 7 ನಿಮಿಷ ಸಾಕು. ಎಲೆಕೋಸೊಂದು ಕುರಿಗಳ ಪಾಲಿಗೆ ಫುಟ್‌ಬಾಲ್ ಆಗುತ್ತದೆ, ಆಟ ಜೋರಾಗುತ್ತದೆ, ಕಾವಲು ನಾಯಿ ಸೀಟಿ ಊದುತ್ತದೆ. ಯಜಮಾನ ತಿರುಗಿ ನೋಡುವಷ್ಟರಲ್ಲಿ ಎಲ್ಲ ಕುರಿಗಳೂ ಏನೂ ಅರಿಯದವರಂತೆ ಹುಲ್ಲು ಮೇಯುತ್ತಿರುತ್ತವೆ. ಅಲ್ಲಿಗೆ ಮುಗಿಯಿತು. 2015ರಲ್ಲಿ ಇದೇ ಶಾನ್ 85 ನಿಮಿಷದ ಸಿನಿಮಾಕ್ಕೆ ನಾಯಕನಾದ. ಲೆಕ್ಕಕ್ಕೆ ಅದು 12 ಕಂತುಗಳಷ್ಟು ಉದ್ದ. ಆದರೆ ದಿನಕರ ದೇಸಾಯಿಯವರ 12 ಚುಟುಕಗಳನ್ನು ಒಂದರ ಕೆಳಗೊಂದು ಬರೆದಿಟ್ಟರೆ ಹೇಗೆ ಕಥನಕಾವ್ಯ ಆಗದೋ ಹಾಗೆ, 12 ಕಂತು ಪೋಣಿಸಿದರೆ ಸಿನಿಮಾ ಆಗುವುದಿಲ್ಲ. ಮಕ್ಕಳ ಸರಣಿಯನ್ನು ಅನಿಮೇಷನ್ ಚಿತ್ರ ಮಾಡಲು ಹೊರಟವರು ಮೊದಲು ಎಡವುವುದು ಇಲ್ಲೇ. ಗೊಂಬೆ, ಕ್ಯಾಮೆರಾ, ಕಂಪ್ಯೂಟರ್ ಇವುಗಳ ತೊಡಕು ಬರುವುದು ಆಮೇಲೆ.

ಶಾನ್ ಹುಟ್ಟಿದ್ದು 1995ರಲ್ಲಿ, ಬ್ರಿಸ್ಟಲ್ ನಗರದ ಆರ್ಡ್‌ಮನ್ ಸ್ಟುಡಿಯೋದಲ್ಲಿ. ನಿಕ್ ಪಾರ್ಕ್ ನಿರ್ದೇಶಿಸಿದ ವಾಲೇಸ್ ಮತ್ತು ಗ್ರೊಮಿಟ್ ಜೋಡಿಯ ಕಿರುಚಿತ್ರ ‘ಎ ಕ್ಲೋಸ್ ಶೇವ್’ನಲ್ಲಿ ಅವನದು ಸಣ್ಣ ಪಾತ್ರ. ಆ ಚಿತ್ರಕ್ಕೆ ಆಸ್ಕರ್ ಬಂತು, ಕುರಿಮರಿ ಜನರ ಮನಸ್ಸಿನಲ್ಲಿ ಉಳಿಯಿತು. 2007ರಲ್ಲಿ ಬಿಬಿಸಿಯ ಮಕ್ಕಳ ವಾಹಿನಿಯಲ್ಲಿ ಅವನದೇ ಸರಣಿ ಶುರುವಾಯಿತು. ಅದನ್ನು ರೂಪಿಸಿದ ರಿಚರ್ಡ್ ಸ್ಟಾರ್ಜಾಕ್ ಅವರೇ ಮುಂದೆ ಮಾರ್ಕ್ ಬರ್ಟನ್ ಜೊತೆ ಸೇರಿ ಸಿನಿಮಾ ಬರೆದು ನಿರ್ದೇಶಿಸಿದರು. ಹಣ ಹೂಡಿದ್ದು ಫ್ರಾನ್ಸಿನ ಸ್ಟುಡಿಯೋಕೆನಾಲ್. ಸರಣಿಯನ್ನು ಬಲ್ಲ ಒಬ್ಬರು ಮತ್ತು ಪೂರ್ಣಾವಧಿ ಚಿತ್ರಕಥೆಯಲ್ಲಿ ಪಳಗಿದ ಒಬ್ಬರು ಎಂಬ ಈ ಜೋಡಣೆ ಆಕಸ್ಮಿಕವಲ್ಲ.

ಟೀವಿ ಕಂತಿಗೆ ಒಂದು ಅಲಿಖಿತ ಕರಾರಿದೆ: ಕೊನೆಗೆ ಎಲ್ಲವೂ ಮೊದಲಿದ್ದಂತೆ ಆಗಬೇಕು. ಕುರಿಗಳು ಇಷ್ಟೊಂದು ಬುದ್ಧಿವಂತ ಎಂಬುದು ಯಜಮಾನನಿಗೆ ಗೊತ್ತಾಗಲೇಬಾರದು, ಯಾರೂ ಪಾಠ ಕಲಿಯಬಾರದು. ನಾಳೆ ಯಾವ ಕಂತು ಹಾಕಿದರೂ ಮಗುವಿಗೆ ಅರ್ಥವಾಗಬೇಕಲ್ಲ! ಸಿನಿಮಾದ ಕರಾರು ತಿರುಗುಮುರುಗು. ಒಂದೂವರೆ ಗಂಟೆ ಕತ್ತಲಲ್ಲಿ ಕೂತ ಮಗುವಿಗೆ ಏನೋ ಕೈತಪ್ಪಿ ಹೋಗುತ್ತಿದೆ, ಅದು ಮರಳಿ ಸಿಗದೆಯೂ ಇರಬಹುದು ಎಂಬ ಅಳುಕು ಬೇಕು. ನಗು ಎಷ್ಟೇ ಒಳ್ಳೆಯದಿರಲಿ, ಬರೀ ನಗುವಿನ ಮೇಲೆ ಅಷ್ಟು ಹೊತ್ತು ಕೂರಿಸಲಾಗದು. ಆದ್ದರಿಂದ ಕಥೆಗಾರರು ಮೊದಲು ಹುಡುಕಬೇಕಾದದ್ದು ಘಟನೆಯನ್ನಲ್ಲ. ಈ ಪಾತ್ರ ಕಳೆದುಕೊಳ್ಳಲಾರದ್ದು ಏನು ಎಂಬುದನ್ನು.

ಶಾನ್ ಚಿತ್ರದ ಉತ್ತರ ಸರಳವಾಗಿದೆ, ಅಷ್ಟೇ ಜಾಣತನದ್ದೂ ಹೌದು. ಸರಣಿಯಲ್ಲಿ ಯಜಮಾನ ಬರೀ ಒಂದು ಅಡ್ಡಿ, ಅವನ ಕಣ್ಣು ತಪ್ಪಿಸುವುದೇ ಆಟ. ಸಿನಿಮಾ ಅವನನ್ನು ಮನೆಯ ಹಿರಿಯನನ್ನಾಗಿ ಮಾಡಿತು. ಚಿತ್ರ ತೆರೆಯುವುದೇ ಹಳೆಯ ಹೋಮ್ ವಿಡಿಯೋ ತುಣುಕುಗಳಿಂದ. ತಲೆ ತುಂಬ ಕೂದಲಿದ್ದ ಯಜಮಾನ, ಇನ್ನೂ ಮರಿಯಾಗಿರುವ ಶಾನ್, ಪುಟ್ಟ ನಾಯಿಮರಿ ಬಿಟ್ಜರ್, ಎಲ್ಲರೂ ಒತ್ತೊತ್ತಾಗಿ ನಿಂತು ತೆಗೆಸಿಕೊಂಡ ಫೋಟೋ. ಆಮೇಲೆ ವರ್ಷಗಳು ಸರಿಯುತ್ತವೆ. ಅದೇ ಕೋಳಿ ಕೂಗು, ಅದೇ ಕೆಲಸದ ಪಟ್ಟಿ, ಅದೇ ಮುಖ ಗಂಟಿಕ್ಕಿದ ಯಜಮಾನ. ಬೇಸತ್ತ ಶಾನ್ ಒಂದು ದಿನ ರಜೆ ಬೇಕೆಂದು ಹೂಟ ಹೂಡುತ್ತಾನೆ. ನಿದ್ದೆ ಬಾರದಿದ್ದರೆ ಬೇಲಿ ಹಾರುವ ಕುರಿಗಳನ್ನು ಮನಸ್ಸಿನಲ್ಲೇ ಎಣಿಸುವುದು ಇಂಗ್ಲಿಷರ ರೂಢಿ. ಇಲ್ಲಿ ಕುರಿಗಳೇ ಯಜಮಾನನ ಕಣ್ಣೆದುರು ಸಾಲಾಗಿ ಬೇಲಿ ಹಾರಿ ಅವನನ್ನು ಮಲಗಿಸಿಬಿಡುತ್ತವೆ. ಅವನನ್ನು ಮಲಗಿಸಿದ್ದ ಗಾಲಿಮನೆ ಉರುಳಿಕೊಂಡು ಪಟ್ಟಣ ಸೇರುತ್ತದೆ. ತಲೆಗೆ ಪೆಟ್ಟು ಬಿದ್ದ ಯಜಮಾನನಿಗೆ ಹಿಂದಿನದೆಲ್ಲ ಮರೆತುಹೋಗುತ್ತದೆ. ಇನ್ನು ಅವನನ್ನು ಹುಡುಕಿ ತರುವುದು ಕುರಿಗಳ ಪಾಡು.

ಇಷ್ಟರಲ್ಲಿ ಬದಲಾದದ್ದು ಎಷ್ಟು ಕಡಿಮೆ ಎಂದು ಗಮನಿಸಿ. ಕುರಿಗಳ ಸ್ವಭಾವ ಬದಲಾಗಿಲ್ಲ, ಬಿಟ್ಜರನ ಪೆದ್ದು ನಿಷ್ಠೆ ಹಾಗೇ ಇದೆ, ಯಾರಿಗೂ ಹೊಸದಾಗಿ ಮಾತು ಬಂದಿಲ್ಲ. ಸರಿದದ್ದು ಒಂದೇ ಗೆರೆ: ತಪ್ಪಿಸಿಕೊಳ್ಳಬೇಕಾದವನು ಈಗ ಹುಡುಕಬೇಕಾದವನು. ಒಳ್ಳೆಯ ರೂಪಾಂತರದ ಗುಟ್ಟು ಇದೇ ಎಂದು ನನ್ನ ನಂಬಿಕೆ. ಸರಣಿಯ ಒಳಗೇ ಇದ್ದು ಯಾರೂ ಬಳಸದೆ ಬಿಟ್ಟಿದ್ದ ಒಂದು ಸಂಬಂಧವನ್ನು ಹೊರತೆಗೆಯಬೇಕು. ಹೊರಗಿನಿಂದ ಕಥೆ ತಂದು ತುರುಕಬಾರದು.

ಮಾತಿನ ವಿಷಯಕ್ಕೆ ಬರೋಣ. ಸರಣಿಯಲ್ಲಿ ಸಂಭಾಷಣೆಯೇ ಇಲ್ಲ. ಕುರಿ ಅರಚುತ್ತದೆ, ನಾಯಿ ಗುರುಗುಟ್ಟುತ್ತದೆ, ಮನುಷ್ಯರು ಗೊಣಗುತ್ತಾರೆ. ಒಂದು ಶಬ್ದವೂ ಬಿಡಿಸಿ ಕೇಳುವುದಿಲ್ಲ. ಗೊಂಬೆಯ ತುಟಿಯನ್ನು ಪ್ರತಿ ಅಕ್ಷರಕ್ಕೂ ಹೊಂದಿಸುವ ಶ್ರಮ ಇದರಿಂದ ಉಳಿಯುತ್ತದೆ, ಯಾವ ದೇಶಕ್ಕೆ ಮಾರಿದರೂ ಡಬ್ಬಿಂಗ್ ಬೇಡ. ಟೀವಿಗೆ ಇದು ಲಾಭವೇ. ಆದರೆ 85 ನಿಮಿಷದ ಸಿನಿಮಾದಲ್ಲಿ? ಒಂದು ಪಾತ್ರಕ್ಕಾದರೂ ಮಾತು ಕೊಡೋಣ, ನಿರೂಪಕನ ದನಿಯಾದರೂ ಇರಲಿ ಎಂಬ ಆಸೆ ಯಾವ ನಿರ್ಮಾಪಕನಿಗೂ ಸಹಜ. ಶಾನ್ ಚಿತ್ರದವರು ಆ ಆಸೆಗೆ ಬೀಳಲಿಲ್ಲ. ನಮಗಿದು ತೀರಾ ಹೊಸದೇನಲ್ಲ. 1987ರಲ್ಲಿ ಸಿಂಗೀತಂ ಶ್ರೀನಿವಾಸ ರಾವ್ ಬೆಂಗಳೂರಿನಲ್ಲಿ ತೆಗೆದ ‘ಪುಷ್ಪಕ ವಿಮಾನ’ ನೋಡಿದವರಿಗೆ ಗೊತ್ತು, ಮಾತಿಲ್ಲದ ಚಿತ್ರ ಎಂದರೆ ಸದ್ದಿಲ್ಲದ ಚಿತ್ರವಲ್ಲ. ಮಾತು ಹೋದ ಜಾಗವನ್ನು ಬಾಗಿಲ ಸದ್ದು, ಹೆಜ್ಜೆಯ ಸದ್ದು, ಸಂಗೀತ ಎಲ್ಲ ಸೇರಿ ತುಂಬಬೇಕು.

ಇಂಥ ಚಿತ್ರಕ್ಕೆ ಚಿತ್ರಕಥೆ ಬರೆಯುವುದೆಂದರೆ ಬರೆಯುವುದಕ್ಕಿಂತ ಬಿಡಿಸುವುದೇ ಹೆಚ್ಚು. ಕಾಗದದ ಮೇಲೆ ‘ಯಜಮಾನನಿಗೆ ನೆನಪು ಹೋಯಿತು’ ಎಂದು ಬರೆದುಬಿಡಬಹುದು. ತೆರೆಯ ಮೇಲೆ ಅದನ್ನು ಹೇಳುವವರು ಯಾರು? ಚಿತ್ರ ಇಲ್ಲಿ ತೋರುವ ಉಪಾಯ ನನಗೆ ತುಂಬ ಇಷ್ಟ. ತಾನು ಯಾರೆಂದು ಮರೆತ ಯಜಮಾನ ಅಲೆಯುತ್ತ ಒಂದು ಸಲೂನಿಗೆ ನುಗ್ಗುತ್ತಾನೆ. ಕೂದಲು ಕತ್ತರಿಸುವ ಯಂತ್ರ ಕೈಗೆ ಸಿಗುತ್ತದೆ. ತಲೆ ಮರೆತದ್ದು ಕೈಗೆ ನೆನಪಿದೆ: ಎದುರಿಗೆ ಕೂತ ಗಿರಾಕಿಯನ್ನು ಕುರಿಯ ಉಣ್ಣೆ ತೆಗೆಯುವಂತೆಯೇ ಸರಸರನೆ ಬೋಳಿಸಿಬಿಡುತ್ತಾನೆ. ಪಟ್ಟಣಕ್ಕೆ ಅದೇ ಹೊಸ ಫ್ಯಾಷನ್! ಇವನು ರಾತ್ರೋರಾತ್ರಿ ಪ್ರಸಿದ್ಧ ಕೇಶವಿನ್ಯಾಸಕ. ಮರೆವು, ಹಳೆಯ ಕಸುಬು, ಹೊಸ ಜೀವನ, ಪಟ್ಟಣದ ಲೇವಡಿ, ನಾಲ್ಕೂ ಒಂದೇ ದೃಶ್ಯದಲ್ಲಿ, ಒಂದೂ ಮಾತಿಲ್ಲದೆ. ಮುಂದೆ ಶಾನ್ ಅವನನ್ನು ಪತ್ತೆಹಚ್ಚಿ ಎದುರಿಗೆ ನಿಂತಾಗ ಯಜಮಾನ ಅವನನ್ನು ಗುರುತಿಸುವುದಿಲ್ಲ. ಮೊದಲ ಐದು ನಿಮಿಷದ ಆ ಫೋಟೋ ಇಲ್ಲದಿದ್ದರೆ ಈ ಗಳಿಗೆಗೆ ತೂಕವೇ ಇರುತ್ತಿರಲಿಲ್ಲ.

ಬಿಡಿಸಿದ ಚಿತ್ರಗಳನ್ನು ಸಾಲಾಗಿ ಜೋಡಿಸಿ, ತಾತ್ಕಾಲಿಕ ಸದ್ದು ಸಂಗೀತ ಸೇರಿಸಿ, ಇಡೀ ಸಿನಿಮಾವನ್ನು ಒಮ್ಮೆ ಗೀಟುಚಿತ್ರಗಳಲ್ಲೇ ನೋಡುತ್ತಾರೆ. ಇದಕ್ಕೆ ಸ್ಟೋರಿ ರೀಲ್ ಅಥವಾ ಅನಿಮ್ಯಾಟಿಕ್ ಎಂಬ ಹೆಸರಿದೆ. ಎಲ್ಲಿ ಎಳೆಯಿತು, ಎಲ್ಲಿ ಅರ್ಥವಾಗಲಿಲ್ಲ, ಯಾವ ತಮಾಷೆಗೆ ಯಾರೂ ನಗಲಿಲ್ಲ ಎಂಬುದೆಲ್ಲ ಇಲ್ಲೇ ಬಯಲಾಗಬೇಕು. ಮಾಮೂಲಿ ಸಿನಿಮಾದಲ್ಲಿ ಹೆಚ್ಚುವರಿ ಶಾಟ್ ತೆಗೆದಿಟ್ಟುಕೊಂಡು ಸಂಕಲನದಲ್ಲಿ ನೋಡಿಕೊಳ್ಳೋಣ ಎನ್ನಬಹುದು. ಗೊಂಬೆಯನ್ನು ಚೂರುಚೂರೇ ಅಲುಗಿಸಿ ಒಂದೊಂದೇ ಚೌಕಟ್ಟು ತೆಗೆಯುವ ಸ್ಟಾಪ್ ಮೋಷನ್‌ನಲ್ಲಿ ಸಂಕಲನ ಶೂಟಿಂಗಿಗಿಂತ ಮೊದಲೇ ಬಹುಮಟ್ಟಿಗೆ ಮುಗಿದಿರುತ್ತದೆ, ಏಕೆಂದರೆ ತೆಗೆದು ಬಿಸಾಡುವಷ್ಟು ಅಗ್ಗದ ಸೆಕೆಂಡು ಅಲ್ಲಿ ಇಲ್ಲ.

ಲೆಕ್ಕ ಹಾಕಿ ನೋಡಿ. ಒಂದು ಸೆಕೆಂಡಿಗೆ 24 ಚೌಕಟ್ಟು. 85 ನಿಮಿಷಕ್ಕೆ 1,22,400. ಎರಡೆರಡು ಚೌಕಟ್ಟಿಗೆ ಒಂದು ಭಂಗಿ ಎಂದು ಅರ್ಧಕ್ಕೆ ಇಳಿಸಿದರೂ ಗೊಂಬೆಯನ್ನು ಅರವತ್ತು ಸಾವಿರ ಸಲ ಕೂದಲೆಳೆಯಷ್ಟು ಅಲುಗಿಸಿ ಫೋಟೋ ತೆಗೆಯಬೇಕು. ಈ ಮಟ್ಟದ ಚಿತ್ರದಲ್ಲಿ ಒಬ್ಬ ಅನಿಮೇಟರ್ ದಿನವಿಡೀ ದುಡಿದರೆ ಸಿಗುವುದು ಸುಮಾರು ಎರಡು ಸೆಕೆಂಡು. ಒಬ್ಬನೇ ಕೂತರೆ ಒಂದು ದಿನವೂ ರಜೆಯಿಲ್ಲದೆ ಏಳು ವರ್ಷ. ಹಾಗಾಗಿ ಹತ್ತಾರು ಸೆಟ್ಟುಗಳಲ್ಲಿ ಏಕಕಾಲಕ್ಕೆ ಕೆಲಸ ನಡೆಯುತ್ತದೆ, ಒಬ್ಬ ಶಾನ್‌ಗೆ ಹಲವು ತದ್ರೂಪಿ ಗೊಂಬೆಗಳಿರುತ್ತವೆ. ಒಳಗೆ ಕೀಲುಗಳಿರುವ ಲೋಹದ ಅಸ್ಥಿಪಂಜರ, ಮೇಲೆ ಫೋಮ್, ಸಿಲಿಕೋನ್, ಉಣ್ಣೆಯಂಥ ಬಟ್ಟೆ. ಬಾಯಿ ಬೇರೆ, ರೆಪ್ಪೆ ಬೇರೆ. ಬೇಕಾದ ಭಾವಕ್ಕೆ ಬೇಕಾದ ತುಂಡನ್ನು ಅಂಟಿಸುತ್ತಾರೆ. ಕಣ್ಣುಗುಡ್ಡೆಯನ್ನು ಸೂಜಿಮೊನೆಯಿಂದ ತಿರುಗಿಸುತ್ತಾರೆ. ಮಾತೇ ಇಲ್ಲದ ಪಾತ್ರಕ್ಕೆ ಆ ಕಣ್ಣುಗುಡ್ಡೆಯೇ ಸಂಭಾಷಣೆ, ಒಂದು ಮಿಲಿಮೀಟರ್ ತಪ್ಪಿದರೆ ದುಃಖ ಹೋಗಿ ಪೆದ್ದುತನವಾಗುತ್ತದೆ.

ಹತ್ತಾರು ಅನಿಮೇಟರುಗಳ ಕೈಯಲ್ಲಿ ಶಾನ್ ಒಬ್ಬನೇ ಆಗಿ ಕಾಣುವುದು ಹೇಗೆ? ಆರ್ಡ್‌ಮನ್‌ನಲ್ಲಿ ಇದಕ್ಕೊಂದು ಮೋಜಿನ ಪದ್ಧತಿ ಇದೆ. ಶಾಟ್ ಶುರುವಾಗುವ ಮೊದಲು ನಿರ್ದೇಶಕನೋ ಅನಿಮೇಟರನೋ ಕ್ಯಾಮೆರಾ ಮುಂದೆ ನಿಂತು ಅದನ್ನು ತಾನೇ ಅಭಿನಯಿಸಿ ತೋರಿಸುತ್ತಾನೆ. ದೊಡ್ಡವರು ಕುರಿಯಂತೆ ಹೆಗಲು ಕುಣಿಸುವ ಆ ವಿಡಿಯೋ ನೋಡಿಕೊಂಡೇ ಗೊಂಬೆಯ ಲಯ ತೀರ್ಮಾನವಾಗುತ್ತದೆ.

ಟೀವಿಯಲ್ಲಿ ಒಂದು ಕೊಟ್ಟಿಗೆ, ಕಲ್ಲುಗೋಡೆ, ಮನೆ, ಅಂಗಳ ಇದ್ದರೆ ಲೋಕ ಪೂರ್ತಿಯಾಯಿತು. ದೊಡ್ಡ ಪರದೆಗೆ ಅದು ಸಾಲದು, ಅದಕ್ಕೇ ಪಟ್ಟಣ. ಬೀದಿ, ಬಸ್ಸು, ಆಸ್ಪತ್ರೆ, ಬೀಡಾಡಿ ಪ್ರಾಣಿಗಳನ್ನು ಕೂಡಿಹಾಕುವ ಜೈಲಿನಂಥ ಕೇಂದ್ರ. ಸ್ಥಳ ಬದಲಿಸುವುದು ಟೀವಿಯಿಂದ ಸಿನಿಮಾಕ್ಕೆ ಬರುವವರೆಲ್ಲ ಮಾಡುವ ಸುಲಭದ ಕೆಲಸ, ಅದರಲ್ಲಿ ಹೆಚ್ಚುಗಾರಿಕೆ ಏನಿಲ್ಲ. ಸ್ಥಳ ಬದಲಾದಾಗ ಹಳೆಯ ಆಟ ಹೊಸ ಅರ್ಥ ಪಡೆಯಿತೇ ಎಂಬುದೇ ಮುಖ್ಯ. ಇಲ್ಲಿ ಪಡೆದಿದೆ. ಫಾರ್ಮಿನಲ್ಲಿ ಕುರಿಗಳು ಕುರಿಗಳಂತೆ ನಟಿಸುತ್ತಿದ್ದವು. ಪಟ್ಟಣದಲ್ಲಿ ಬಟ್ಟೆ ತೊಟ್ಟು ಮನುಷ್ಯರಂತೆ ನಟಿಸುತ್ತವೆ. ದುಬಾರಿ ರೆಸ್ಟೋರೆಂಟಿನಲ್ಲಿ ಕೂತು ಸುತ್ತಲಿನವರನ್ನು ಅನುಕರಿಸಲು ಹೋಗಿ ಮೆನು ಕಾರ್ಡನ್ನೇ ಮೇಯುವ ದೃಶ್ಯ ಬೇರೆ ಯಾವ ಪ್ರಾಣಿಗೂ ಇಷ್ಟು ಚೆನ್ನಾಗಿ ಒಪ್ಪುತ್ತಿರಲಿಲ್ಲ.

ಸರಣಿಯನ್ನು ಸಿನಿಮಾ ಮಾಡುವ ಇದೇ ಕೆಲಸ ಕೆಟ್ಟದಾಗಿ ಆದ ಉದಾಹರಣೆಯೂ ಇದೆ. ಫ್ರಾನ್ಸಿನ ಸೆರ್ಜ್ ದಾನೋ 1964ರಲ್ಲಿ ಆರಂಭಿಸಿದ ಗೊಂಬೆ ಸರಣಿಯನ್ನು ಬಿಬಿಸಿ 1965ರಿಂದ ‘ದ ಮ್ಯಾಜಿಕ್ ರೌಂಡಬೌಟ್’ ಎಂದು ತೋರಿಸಿತು. ನಿರೂಪಕ ಎರಿಕ್ ಥಾಂಪ್ಸನ್ ಫ್ರೆಂಚ್ ಮಾತುಗಳನ್ನು ಬದಿಗಿಟ್ಟು, ಚಿತ್ರ ನೋಡಿ ತನಗೆ ತೋಚಿದ ಕಥೆ ಹೇಳಿದರು. ಐದೈದು ನಿಮಿಷ, ಅವಸರವಿಲ್ಲದ ಒಂದೇ ದನಿ, ಸಂಜೆಯ ವಾರ್ತೆಗೆ ಮುಂಚೆ. ಮಕ್ಕಳ ಜೊತೆ ಅಪ್ಪ ಅಮ್ಮಂದಿರೂ ಕಾದು ಕೂರುತ್ತಿದ್ದರು. 2005ರಲ್ಲಿ ಅದು ಕಂಪ್ಯೂಟರ್ ಅನಿಮೇಷನ್ ಚಿತ್ರವಾದಾಗ ಜಗತ್ತನ್ನೇ ಹೆಪ್ಪುಗಟ್ಟಿಸುವ ಖಳ, ಮೂರು ವಜ್ರಗಳ ಬೇಟೆ, ಖ್ಯಾತನಾಮರ ದನಿಗಳು ಬಂದವು. ಮುಂದಿನ ವರ್ಷ ಅಮೆರಿಕದಲ್ಲಿ ಅದನ್ನೇ ಹೊಸ ಸಂಭಾಷಣೆ ಬರೆಸಿ, ಹೆಚ್ಚಿನ ದನಿಗಳನ್ನು ಬದಲಿಸಿ ‘ಡೂಗಲ್’ ಎಂಬ ಹೆಸರಿನಲ್ಲಿ ಬಿಟ್ಟರು. ವಿಮರ್ಶಕರು ಹರಿದು ಹಾಕಿದರು. ತಂತ್ರಜ್ಞಾನ ಬದಲಾದದ್ದು ನನ್ನ ದೃಷ್ಟಿಯಲ್ಲಿ ತಪ್ಪಲ್ಲ. ಆ ಸರಣಿಯ ಜೀವ ಇದ್ದದ್ದು ಸಾವಧಾನದಲ್ಲಿ ಮತ್ತು ಒಬ್ಬ ನಿರೂಪಕನ ತುಂಟತನದಲ್ಲಿ; ಚಿತ್ರ ಕೈಬಿಟ್ಟದ್ದು ಸರಿಯಾಗಿ ಅವೆರಡನ್ನೇ. ಆ ಫ್ರೆಂಚ್ ಸರಣಿಯಲ್ಲಿ ದುಡಿದಿದ್ದ ಐವರ್ ವುಡ್ 1981ರಲ್ಲಿ ‘ಪೋಸ್ಟ್‌ಮನ್ ಪ್ಯಾಟ್’ ಎಂಬ ಟೀವಿ ಸರಣಿಯ ಗೊಂಬೆಗಳಿಗೆ ಜೀವ ಕೊಟ್ಟರು. 2014ರ ಸಿನಿಮಾದಲ್ಲಿ ಹಳ್ಳಿಯ ಆ ಸಾಧು ಅಂಚೆಯಣ್ಣ ಟೀವಿ ಪ್ರತಿಭಾ ಸ್ಪರ್ಧೆಗೆ ಹೋಗುತ್ತಾನೆ, ಊರಲ್ಲಿ ಅವನ ಜಾಗಕ್ಕೆ ರೋಬೋಟ್‌ಗಳು ಬರುತ್ತವೆ. ಪತ್ರ ಹಂಚುವವನ ಕಥೆಗೆ ರೋಬೋಟ್ ಏಕೆ ಬೇಕಾಯಿತೋ!

ಶಾನ್ ಚಿತ್ರಕ್ಕೆ ತಗುಲಿದ ವೆಚ್ಚ ಸುಮಾರು 2.5 ಕೋಟಿ ಡಾಲರ್. ಅನಿಮೇಷನ್ ಚಿತ್ರಗಳಿಗೆ ಹಾಲಿವುಡ್ ಸುರಿಯುವ ಮೊತ್ತದ ಮುಂದೆ ಇದು ಚಿಲ್ಲರೆ. ಜಗತ್ತಿನಾದ್ಯಂತ 10 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು, ಆಸ್ಕರ್‌ಗೆ ನಾಮನಿರ್ದೇಶನಗೊಂಡು ‘ಇನ್‌ಸೈಡ್ ಔಟ್’ ಎದುರು ಸೋತಿತು. 2019ರಲ್ಲಿ ಬಂದ ಎರಡನೆಯ ಚಿತ್ರ ‘ಫಾರ್ಮಗೆಡ್ಡನ್’ನಲ್ಲಿ ಬೇರೆ ಗ್ರಹದ ಮರಿಯೊಂದು ಫಾರ್ಮಿಗೆ ಬರುತ್ತದೆ. ಅದಕ್ಕೂ ನಾಮನಿರ್ದೇಶನ ಸಿಕ್ಕಿತು. ನೋಡಲು ಚೆಂದವೇ, ಆದರೆ ಅಲ್ಲಿ ಭಾವದ ಭಾರ ಹೊರುವುದು ಹೊಸದಾಗಿ ಬಂದ ಅತಿಥಿ, ಹಳೆಯ ಮನೆಮಂದಿಯಲ್ಲ. ಮೊದಲನೆಯದೇ ಮೇಲು.

ಕನ್ನಡದಲ್ಲಿ ದಶಕಗಳ ಕಾಲ ಡಬ್ಬಿಂಗ್‌ಗೆ ವಿರೋಧ ಇತ್ತು. ಮಕ್ಕಳಿಗೆ ಅವರ ನುಡಿಯಲ್ಲೇ ಕಾರ್ಟೂನು ಸಿಗಬೇಕು ಎಂಬುದು ಡಬ್ಬಿಂಗ್ ಬೇಕೆಂದವರ ದೊಡ್ಡ ವಾದಗಳಲ್ಲೊಂದು. ಈ ಕುರಿಗೆ ಆ ಜಗಳದ ಹಂಗಿಲ್ಲ. ಮನೆಯಲ್ಲಿ ಮಕ್ಕಳಿದ್ದರೆ ಮೊದಲು ಸರಣಿಯ ಎರಡು ಕಂತು ತೋರಿಸಿ, ಆಮೇಲೆ 2015ರ ಸಿನಿಮಾ ಹಾಕಿ. ನಡುನಡುವೆ ಕಥೆ ವಿವರಿಸಲು ಮಾತ್ರ ಹೋಗಬೇಡಿ, ಅವರಿಗೆ ಅರ್ಥವಾಗುತ್ತದೆ.