ಸೈಕಲ್ ಸವಾರರು ಮತ್ತು ವಾಹನ ಚಾಲಕರು: ರಸ್ತೆಯ ಹಂಚಿಕೆ, ಕರ್ತವ್ಯಗಳು ಹಾಗೂ ಪರಿಹಾರ ಪಡೆಯುವ ವಿಧಾನ

ಸಾರ್ವಜನಿಕರ ಮಾಹಿತಿಗಾಗಿ

ಸುಳ್ಯ ತಾಲ್ಲೂಕಿನ ಐವರ್ನಾಡು ಹಾಗೂ ಸುತ್ತಲಿನ ಗ್ರಾಮಗಳಲ್ಲಿ ಶಾಲಾ ಮಕ್ಕಳು, ಹಾಲು ಹಾಕಲು ಹೋಗುವವರು, ನಸುಕಿನಲ್ಲಿ ರಬ್ಬರ್ ತೋಟಗಳಿಗೆ ಕೆಲಸಕ್ಕೆ ತೆರಳುವವರು, ಬಸ್ಸು, ಜೀಪು ಮತ್ತು ಸರಕು ವಾಹನಗಳು ಒಂದೇ ರಸ್ತೆಯನ್ನು ಬಳಸುತ್ತಾರೆ. ಬೆಳ್ಳಾರೆಯಿಂದ ಐವರ್ನಾಡು, ಸೋಣಂಗೇರಿ ಮಾರ್ಗವಾಗಿ ಸುಳ್ಯದ ಕಡೆಗೆ ಹೋಗುವ ರಸ್ತೆಯೂ, ಅದಕ್ಕೆ ಬಂದು ಸೇರುವ ಒಳರಸ್ತೆಗಳೂ ಏರು, ಇಳಿಜಾರು ಮತ್ತು ತಿರುವುಗಳಿಂದ ಕೂಡಿವೆ. ಇಂತಹ ರಸ್ತೆಗಳಲ್ಲಿ ಸೈಕಲ್ ಸವಾರರಿಗೂ ಮೋಟಾರು ವಾಹನ ಚಾಲಕರಿಗೂ ತಕರಾರು ಉಂಟಾಗುವುದು ಅಪರೂಪವಲ್ಲ. ಬಹುತೇಕ ತಕರಾರುಗಳು ಮಾತಿನಲ್ಲಿಯೇ ಮುಗಿಯುತ್ತವೆ. ಆದರೆ ಅಪಘಾತವಾದಾಗ, ಕಾನೂನಿನ ತಿಳಿವಳಿಕೆ ಇಲ್ಲದ ಕಾರಣದಿಂದಲೇ ಗಾಯಾಳುವಿನ ಕುಟುಂಬವು ತನಗೆ ದೊರೆಯಬೇಕಾದ ಪರಿಹಾರವನ್ನು ಕಳೆದುಕೊಳ್ಳುವ ಸಂಭವವಿರುತ್ತದೆ. ಆದುದರಿಂದ ರಸ್ತೆಯ ಮೇಲಿನ ಹಕ್ಕು, ಉಭಯತ್ರರ ಕರ್ತವ್ಯ ಹಾಗೂ ಪರಿಹಾರಕ್ಕೆ ಅರ್ಜಿ ಸಲ್ಲಿಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

1. ಸೈಕಲ್‌ಗೆ ರಸ್ತೆಯ ಮೇಲೆ ಹಕ್ಕಿದೆಯೇ?

ಇದೆ. ಮೋಟಾರು ವಾಹನಗಳ ಕಾಯ್ದೆ, 1988ರ ಅರ್ಥದಲ್ಲಿ ಸೈಕಲ್ ಮೋಟಾರು ವಾಹನವಲ್ಲ. ಆದುದರಿಂದ ಅದಕ್ಕೆ ನೋಂದಣಿಯಾಗಲಿ, ವಿಮೆಯಾಗಲಿ, ಸವಾರನಿಗೆ ಚಾಲನಾ ಅನುಜ್ಞಾ ಪತ್ರವಾಗಲಿ ಅವಶ್ಯವಿಲ್ಲ. 250 ವ್ಯಾಟ್‌ಗಿಂತ ಕಡಿಮೆ ಶಕ್ತಿಯ ಮೋಟಾರು ಹೊಂದಿದ್ದು, ಗರಿಷ್ಠ ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ ಇರುವ, ನಿಗದಿತ ಮಾನದಂಡಗಳಿಗೆ ಒಳಪಟ್ಟ ವಿದ್ಯುತ್ ಸೈಕಲ್‌ಗಳಿಗೂ ಇದೇ ರಿಯಾಯಿತಿ ಅನ್ವಯಿಸುತ್ತದೆ. ಅನುಜ್ಞಾ ಪತ್ರ ಬೇಕಿಲ್ಲ ಎಂದ ಮಾತ್ರಕ್ಕೆ ಹಕ್ಕು ಕಡಿಮೆ ಎಂದು ಅರ್ಥವಲ್ಲ. ಸಾರ್ವಜನಿಕ ರಸ್ತೆಯು ಪಾದಚಾರಿಗೆ ಹೇಗೋ ಹಾಗೆಯೇ ಸೈಕಲ್ ಸವಾರನಿಗೂ ಮುಕ್ತವಾಗಿರುತ್ತದೆ. ನಿರ್ದಿಷ್ಟ ರಸ್ತೆಯಲ್ಲಿ ಸೈಕಲ್ ಸಂಚಾರವನ್ನು ನಿಷೇಧಿಸಿ ಆದೇಶವಿದ್ದಲ್ಲಿ ಮಾತ್ರ ಅದನ್ನು ಪಾಲಿಸತಕ್ಕದ್ದು.

ರಾಜ್ಯ ಸರ್ಕಾರವು 2006-07ನೇ ಸಾಲಿನಲ್ಲಿ ಪ್ರೌಢಶಾಲೆಯ 8ನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ವಿತರಿಸುವ ಯೋಜನೆಯನ್ನು ಆರಂಭಿಸಿತು. ದೂರದ ಮನೆಗಳ ಮಕ್ಕಳು, ವಿಶೇಷವಾಗಿ ಹೆಣ್ಣುಮಕ್ಕಳು, ಶಾಲೆ ಬಿಡದಂತೆ ನೋಡಿಕೊಳ್ಳುವುದು ಅದರ ಉದ್ದೇಶವಾಗಿತ್ತು. ಮಕ್ಕಳ ಕೈಗೆ ಸೈಕಲ್ ಕೊಟ್ಟ ಮೇಲೆ, ಆ ಸೈಕಲ್ ಸುರಕ್ಷಿತವಾಗಿ ಸಾಗಲು ರಸ್ತೆಯಲ್ಲಿ ಸ್ಥಳ ಕೊಡುವುದೂ ಸಮಾಜದ ಹೊಣೆಯಾಗುತ್ತದೆ.

2. "ರಸ್ತೆ ತೆರಿಗೆ ಕಟ್ಟುವವರು ನಾವು" ಎಂಬ ವಾದ

ತಕರಾರಿನ ಸಂದರ್ಭದಲ್ಲಿ ಕೆಲವು ಚಾಲಕರು ಈ ಮಾತನ್ನು ಆಡುವುದುಂಟು. ಕರ್ನಾಟಕ ಮೋಟಾರು ವಾಹನಗಳ ತೆರಿಗೆ ಕಾಯ್ದೆ, 1957ರಡಿ ವಸೂಲಾಗುವುದು ವಾಹನದ ಮೇಲಿನ ತೆರಿಗೆಯೇ ಹೊರತು ರಸ್ತೆಯನ್ನು ಗುತ್ತಿಗೆ ಪಡೆದುದಕ್ಕೆ ಕೊಡುವ ಬಾಡಿಗೆಯಲ್ಲ. ತೆರಿಗೆ ಪಾವತಿಸಿದವರಿಗೆ ರಸ್ತೆಯ ಬಳಕೆಯಲ್ಲಿ ಆದ್ಯತೆ ಇದೆಯೆಂದು ಯಾವ ಕಾನೂನೂ ಹೇಳುವುದಿಲ್ಲ. ಸೈಕಲ್ ಖರೀದಿಸುವವರೂ ಸರಕು ಮತ್ತು ಸೇವಾ ತೆರಿಗೆಯನ್ನು ಪಾವತಿಸುತ್ತಾರೆ. ಗ್ರಾಮೀಣ ರಸ್ತೆಗಳು ಸರ್ಕಾರದ ಹಣದಿಂದ, ಅಂದರೆ ಎಲ್ಲ ನಾಗರಿಕರ ಹಣದಿಂದ ನಿರ್ಮಾಣವಾಗಿರುತ್ತವೆ.

3. ತಕರಾರು ಹುಟ್ಟುವ ಬಗೆ

ಅನೇಕ ವೇಳೆ ತಕರಾರಿಗೆ ಕಾರಣ ದುರುದ್ದೇಶವಲ್ಲ, ರಸ್ತೆಯ ಅಗಲದ ಕೊರತೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದಂತೆ ಏಕಪಥ ರಸ್ತೆಯ ಡಾಮರಿನ ಅಗಲ 3.75 ಮೀಟರ್, ಮಧ್ಯಮ ಪಥ ರಸ್ತೆಯದು 5.5 ಮೀಟರ್, ದ್ವಿಪಥ ರಸ್ತೆಯದು 7 ಮೀಟರ್. ಬಸ್ಸಿನ ಅಗಲ ಸುಮಾರು 2.5 ಮೀಟರ್ ಇರುತ್ತದೆ. ಏಕಪಥ ರಸ್ತೆಯಲ್ಲಿ ಬಸ್ಸು ಒಂದು ಅಂಚಿಗೆ ಸರಿದು ನಿಂತರೂ ಉಳಿಯುವುದು 1.25 ಮೀಟರ್ ಮಾತ್ರ. ಸೈಕಲ್ಲಿನ ಹ್ಯಾಂಡಲ್ ಸುಮಾರು ಅರ್ಧ ಮೀಟರಿಗಿಂತ ಹೆಚ್ಚು ಅಗಲವಿದ್ದು, ಚಲಿಸುವಾಗ ಸೈಕಲ್ ಎಡಬಲಕ್ಕೆ ಸ್ವಲ್ಪ ಓಲಾಡುತ್ತದೆ. ಆದುದರಿಂದ ಇಂತಹ ರಸ್ತೆಯಲ್ಲಿ ಸೈಕಲ್ ಡಾಮರಿನ ಮೇಲಿರುವಾಗ ಬಸ್ಸು ಅದನ್ನು ಸುರಕ್ಷಿತವಾಗಿ ಹಿಂದಿಕ್ಕಲು ಸಾಧ್ಯವೇ ಇಲ್ಲ. 5.5 ಮೀಟರ್ ರಸ್ತೆಯಲ್ಲಿಯೂ ಎದುರಿನಿಂದ ಮತ್ತೊಂದು ವಾಹನ ಬರುತ್ತಿದ್ದರೆ ಮೂವರಿಗೆ ಸ್ಥಳ ಸಾಲದು.

ಸೈಕಲ್ ಸವಾರನು ರಸ್ತೆಯ ಅಂಚಿನಿಂದ ಸ್ವಲ್ಪ ಒಳಗೆ ಚಲಿಸಿದಾಗ ಆತ ದಾರಿ ಬಿಡುತ್ತಿಲ್ಲವೆಂದು ಹಿಂದಿನ ಚಾಲಕನಿಗೆ ತೋರುತ್ತದೆ. ವಾಸ್ತವವಾಗಿ ಮಳೆಗಾಲದಲ್ಲಿ ಡಾಮರಿನ ಅಂಚು ಕೊಚ್ಚಿಹೋಗಿ, ಪಕ್ಕದ ಮಣ್ಣು ಒಂದೆರಡು ಇಂಚು ಕೆಳಗಿಳಿದಿರುತ್ತದೆ. ಚರಂಡಿ ತುಂಬಿ ಹರಿದ ಕಡೆ ಜಲ್ಲಿ ಮತ್ತು ಕೆಸರು ರಸ್ತೆಗೆ ಬಂದಿರುತ್ತದೆ. ಸೈಕಲ್ಲಿನ ತೆಳುವಾದ ಚಕ್ರವು ಅಂತಹ ಅಂಚಿನಿಂದ ಜಾರಿದರೆ ಸವಾರನು ಬೀಳುವುದು ಹೊರಗಿನ ಚರಂಡಿಗೋ ಅಥವಾ ಒಳಗೆ ವಾಹನದ ಚಕ್ರದಡಿಗೋ ಎಂದು ಹೇಳಲಾಗದು. ಆದುದರಿಂದ ಗಟ್ಟಿ ಡಾಮರಿನ ಮೇಲೆ ಉಳಿಯುವುದು ಹಟವಲ್ಲ, ಎಚ್ಚರಿಕೆ.

ಅದೇ ರೀತಿ ಚಾಲಕರ ಕಷ್ಟವನ್ನೂ ಸವಾರರು ಅರಿಯಬೇಕು. ದೀಪವಿಲ್ಲದ ಸೈಕಲ್ ಮುಸ್ಸಂಜೆಯ ಮಳೆಯಲ್ಲಿ ಚಾಲಕನಿಗೆ ಕಾಣುವುದಿಲ್ಲ. ಗಂಟೆಗೆ 40 ಕಿ.ಮೀ. ವೇಗದ ವಾಹನವು ಒಂದು ಸೆಕೆಂಡಿನಲ್ಲಿ ಸುಮಾರು 11 ಮೀಟರ್, 60 ಕಿ.ಮೀ. ವೇಗದ ವಾಹನವು ಸುಮಾರು 17 ಮೀಟರ್ ಸಾಗುತ್ತದೆ. ಅಪಾಯ ಕಂಡು ಬ್ರೇಕ್ ಒತ್ತುವಷ್ಟರಲ್ಲಿಯೇ ಈ ದೂರ ಕ್ರಮಿಸಿ ಆಗಿರುತ್ತದೆ. ಬ್ರೇಕ್ ಹಿಡಿದ ನಂತರ ನಿಲ್ಲಲು ಬೇಕಾಗುವ ದೂರ ಬೇರೆ.

4. ಹಿಂದೆ ಕಾಯುವುದರಿಂದ ಚಾಲಕನಿಗೆ ಆಗುವ ನಷ್ಟವೆಷ್ಟು?

ಗಂಟೆಗೆ 15 ಕಿ.ಮೀ. ವೇಗದ ಸೈಕಲ್ಲಿನ ಹಿಂದೆ 200 ಮೀಟರ್ ಉದ್ದದ ತಿರುವನ್ನು ದಾಟಲು 48 ಸೆಕೆಂಡು ಬೇಕು. ಅದೇ ದೂರವನ್ನು 50 ಕಿ.ಮೀ. ವೇಗದಲ್ಲಿ ದಾಟಲು ಸುಮಾರು 14 ಸೆಕೆಂಡು ಸಾಕು. ಅಂದರೆ ಕಾಯುವುದರಿಂದ ಆಗುವ ವಿಳಂಬ 34 ಸೆಕೆಂಡು. ಈ ಅರ್ಧ ನಿಮಿಷವನ್ನು ಉಳಿಸುವ ಸಲುವಾಗಿ ಎದುರು ಕಾಣದ ತಿರುವಿನಲ್ಲಿ ಹಿಂದಿಕ್ಕುವುದು ಯಾವ ಲೆಕ್ಕದಿಂದಲೂ ಲಾಭದಾಯಕವಲ್ಲ.

5. ವಾಹನ ಚಾಲಕರ ಕರ್ತವ್ಯಗಳು

2017ರಲ್ಲಿ ಜಾರಿಗೆ ಬಂದ ಮೋಟಾರು ವಾಹನಗಳ (ಚಾಲನಾ) ವಿನಿಯಮಗಳು ಪಾದಚಾರಿಗಳು, ಸೈಕಲ್ ಸವಾರರು, ಮಕ್ಕಳು, ವೃದ್ಧರು ಹಾಗೂ ವಿಕಲಚೇತನರ ಸುರಕ್ಷತೆಯ ಬಗ್ಗೆ ಚಾಲಕರು ವಿಶೇಷ ಎಚ್ಚರಿಕೆ ವಹಿಸಬೇಕೆಂದು ವಿಧಿಸುತ್ತವೆ. ಹೆಚ್ಚು ಹಾನಿ ಮಾಡಬಲ್ಲ ವಾಹನ ಯಾರ ಕೈಯಲ್ಲಿದೆಯೋ ಅವರ ಹೊಣೆ ಹೆಚ್ಚು ಎಂಬುದು ಇದರ ಸಾರ. ಚಾಲಕರು ಈ ಕೆಳಕಂಡವುಗಳನ್ನು ಗಮನಿಸತಕ್ಕದ್ದು.

(ಅ) ತಿರುವು, ಏರಿನ ತುದಿ ಮತ್ತು ಕಿರಿದಾದ ಸೇತುವೆಗಳಲ್ಲಿ ಸೈಕಲ್ಲನ್ನು ಹಿಂದಿಕ್ಕಬಾರದು. ಬೇರೆಡೆ ಹಿಂದಿಕ್ಕುವಾಗ ಸೈಕಲ್ಲಿಗೂ ವಾಹನಕ್ಕೂ ನಡುವೆ ಸಾಕಷ್ಟು ಅಂತರವಿರಬೇಕು. ಸವಾರನು ಒಂದು ಪಕ್ಕಕ್ಕೆ ಬಿದ್ದರೂ ವಾಹನಕ್ಕೆ ತಾಗದಷ್ಟು ಅಂತರ ಎಂದು ತಿಳಿದುಕೊಳ್ಳುವುದು ಸೂಕ್ತ.

(ಆ) ಎರಡು ವಾಹನಗಳು ಹಾದುಹೋಗಲು ಸಾಲದಷ್ಟು ಕಿರಿದಾದ ಇಳಿಜಾರು ರಸ್ತೆಯಲ್ಲಿ ಏರು ಹತ್ತುತ್ತಿರುವ ವಾಹನಕ್ಕೆ ಇಳಿಯುತ್ತಿರುವ ವಾಹನವು ದಾರಿ ಬಿಡಬೇಕು. ತುಳಿದು ಏರು ಹತ್ತುವ ಸೈಕಲ್ಲಿಗೂ ಇದೇ ಸೌಜನ್ಯ ದೊರೆಯಬೇಕು.

(ಇ) ಸೈಕಲ್ಲಿನ ಬೆನ್ನ ಹಿಂದೆಯೇ ಬಂದು ಹಾರ್ನ್ ಮಾಡಿದರೆ ಸವಾರನು ಬೆದರಿ ಬೀಳುವ ಸಂಭವವಿದೆ. ಅನಗತ್ಯವಾಗಿ ಅಥವಾ ನಿರಂತರವಾಗಿ ಹಾರ್ನ್ ಮಾಡುವುದು ಕಾಯ್ದೆಯ ಕಲಂ 194-ಎಫ್‌ರಂತೆ ದಂಡನೀಯವಾಗಿದ್ದು, ಮೊದಲ ಸಲ 1,000 ರೂ., ತರುವಾಯ 2,000 ರೂ. ದಂಡವಿದೆ.

(ಈ) ರಸ್ತೆ ಬದಿಯಲ್ಲಿ ನಿಲ್ಲಿಸಿದ ವಾಹನದ ಬಾಗಿಲನ್ನು ಹಿಂದೆ ನೋಡದೆ ತೆರೆಯಬಾರದು.

(ಉ) ಅಪಾಯಕಾರಿ ಚಾಲನೆಗೆ ಕಲಂ 184ರಂತೆ ಮೊದಲ ಅಪರಾಧಕ್ಕೆ 6 ತಿಂಗಳಿಂದ 1 ವರ್ಷದವರೆಗೆ ಕಾರಾವಾಸ ಅಥವಾ 1,000 ರೂ.ಗಳಿಂದ 5,000 ರೂ.ಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ.

6. ಸೈಕಲ್ ಸವಾರರ ಕರ್ತವ್ಯಗಳು

ಸೈಕಲ್ ಸವಾರರು ಕಾನೂನಿನಿಂದ ಹೊರತಾದವರಲ್ಲ. ಭಾರತೀಯ ನ್ಯಾಯ ಸಂಹಿತೆ, 2023ರ ಕಲಂ 281 ಸಾರ್ವಜನಿಕ ದಾರಿಯಲ್ಲಿ ಯಾವುದೇ ವಾಹನವನ್ನು ದುಡುಕಿನಿಂದ ಅಥವಾ ನಿರ್ಲಕ್ಷ್ಯದಿಂದ ಚಲಾಯಿಸಿ ಮನುಷ್ಯಪ್ರಾಣಕ್ಕೆ ಅಪಾಯ ಉಂಟುಮಾಡುವವರಿಗೆ ಅನ್ವಯಿಸುತ್ತದೆ. ಮೋಟಾರು ವಾಹನಕ್ಕೆ ಮಾತ್ರ ಎಂದು ಅದರಲ್ಲಿ ಹೇಳಿಲ್ಲ.

(ಅ) ರಸ್ತೆಯ ಎಡಬದಿಯಲ್ಲಿಯೇ, ಒಬ್ಬರ ಹಿಂದೆ ಒಬ್ಬರಂತೆ ಚಲಿಸಬೇಕು. ಶಾಲೆ ಬಿಟ್ಟ ವೇಳೆ ಮಕ್ಕಳು ಜೊತೆಜೊತೆಯಾಗಿ ಮಾತನಾಡುತ್ತಾ ಹೋಗುವುದನ್ನು ಪೋಷಕರು ಮತ್ತು ಶಿಕ್ಷಕರು ತಡೆಯಬೇಕು.

(ಆ) ಬಲಕ್ಕೆ ತಿರುಗುವ ಮುನ್ನ ಹಿಂದೆ ನೋಡಿ, ಕೈಸನ್ನೆ ಕೊಟ್ಟು, ದಾರಿ ಇದ್ದಲ್ಲಿ ಮಾತ್ರ ತಿರುಗಬೇಕು.

(ಇ) ಎರಡೂ ಬ್ರೇಕ್, ಬೆಲ್, ಮುಂದೆ ದೀಪ, ಹಿಂದೆ ಕೆಂಪು ರಿಫ್ಲೆಕ್ಟರ್ ಸುಸ್ಥಿತಿಯಲ್ಲಿರಬೇಕು. ಮಳೆಗಾಲದಲ್ಲಿ ಒಂದು ಕೈಯಲ್ಲಿ ಕೊಡೆ ಹಿಡಿದು ಸವಾರಿ ಮಾಡುವುದು ಅಪಾಯಕಾರಿ. ತಿಳಿಬಣ್ಣದ ಮಳೆಯಂಗಿ ಉತ್ತಮ.

(ಈ) ಹಿಂದಿನಿಂದ ಬಂದ ವಾಹನವು ಬಹಳ ಹೊತ್ತು ಕಾಯುತ್ತಿದ್ದರೆ, ರಸ್ತೆ ಅಗಲವಾಗಿರುವ ಸ್ಥಳದಲ್ಲಿ ನಿಂತು ದಾರಿ ಬಿಡುವುದು ಯೋಗ್ಯ. ಇದು ಸವಾರನಿಗೂ ಕ್ಷೇಮ.

7. ಪ್ರತ್ಯೇಕ ಸೈಕಲ್ ಪಥ ಏಕಿಲ್ಲ?

ಪ್ರತ್ಯೇಕ ಪಥದ ಬೇಡಿಕೆ ಸಹಜ. ಭಾರತೀಯ ರಸ್ತೆ ಕಾಂಗ್ರೆಸ್ಸು 1962ರಲ್ಲಿ ಹೊರತಂದ ಮಾರ್ಗಸೂಚಿಯಂತೆ, ಗಂಟೆಗೆ 100ರಿಂದ 200 ಮೋಟಾರು ವಾಹನಗಳು ಸಾಗುವ ರಸ್ತೆಯಲ್ಲಿ ದಟ್ಟಣೆಯ ವೇಳೆ ಗಂಟೆಗೆ 400 ಸೈಕಲ್‌ಗಳಿದ್ದರೆ, ಅಥವಾ ಮೋಟಾರು ವಾಹನಗಳು 200 ಮೀರಿದಲ್ಲಿ 100 ಸೈಕಲ್‌ಗಳಿದ್ದರೆ ಪ್ರತ್ಯೇಕ ಪಥ ಸಮರ್ಥನೀಯ. ಇಂತಹ ಪ್ರಮಾಣವು ನಗರಗಳಿಗೆ ಹೊಂದುತ್ತದೆ. ಮೈಸೂರಿನಲ್ಲಿ 2017ರಲ್ಲಿ ಸಾರ್ವಜನಿಕ ಸೈಕಲ್ ಬಾಡಿಗೆ ವ್ಯವಸ್ಥೆ 'ಟ್ರಿಣ್ ಟ್ರಿಣ್' ಆರಂಭವಾಯಿತು. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ 2020ರಲ್ಲಿ ಪ್ರತ್ಯೇಕ ಸೈಕಲ್ ಪಥವನ್ನು ಗುರುತಿಸಲಾಯಿತು. ಆದರೆ ಒಂದು ಬದಿಯಲ್ಲಿ ಗುಡ್ಡ, ಇನ್ನೊಂದು ಬದಿಯಲ್ಲಿ ತೋಟವಿರುವ ಗ್ರಾಮೀಣ ರಸ್ತೆಯಲ್ಲಿ ಇರುವ ಡಾಮರನ್ನೇ ಹಂಚಿಕೊಳ್ಳುವುದು ಅನಿವಾರ್ಯ. ಅಂಚು ಕುಸಿದಿರುವುದು, ಗಿಡಗಂಟಿ ಬೆಳೆದು ತಿರುವು ಕಾಣದಿರುವುದು ಮುಂತಾದ ದೂರುಗಳನ್ನು ಸ್ಥಳವನ್ನು ಸ್ಪಷ್ಟವಾಗಿ ನಮೂದಿಸಿ ಗ್ರಾಮ ಪಂಚಾಯಿತಿಗೆ ಅಥವಾ ರಸ್ತೆ ಯಾವ ಇಲಾಖೆಗೆ ಸೇರಿದೆಯೋ ಆ ಇಲಾಖೆಗೆ ಲಿಖಿತವಾಗಿ ಸಲ್ಲಿಸಬಹುದು. ಗ್ರಾಮಸಭೆಯಲ್ಲಿಯೂ ಪ್ರಸ್ತಾಪಿಸಬಹುದು.

8. ಅಪಘಾತ ಸಂಭವಿಸಿದಲ್ಲಿ

ಮೊದಲು ಗಾಯಾಳುವಿನ ಚಿಕಿತ್ಸೆ. ಆಂಬ್ಯುಲೆನ್ಸ್‌ಗೆ 108, ಪೊಲೀಸ್ ಹಾಗೂ ಇತರ ತುರ್ತು ನೆರವಿಗೆ 112ಕ್ಕೆ ಕರೆ ಮಾಡಬೇಕು. ಕಲಂ 134ರಂತೆ ಚಾಲಕನು ಗಾಯಾಳುವಿಗೆ ವೈದ್ಯಕೀಯ ನೆರವು ಒದಗಿಸಬೇಕು ಮತ್ತು ಸ್ಥಳದಲ್ಲಿ ಪೊಲೀಸರಿಲ್ಲದಿದ್ದಲ್ಲಿ ಸಾಧ್ಯವಾದಷ್ಟು ಬೇಗ, 24 ಗಂಟೆ ಮೀರದಂತೆ, ಠಾಣೆಗೆ ವರದಿ ಮಾಡಬೇಕು. ನೆರವಿಗೆ ಬಂದ ದಾರಿಹೋಕರಿಗೆ ಕಲಂ 134-ಎ ರಕ್ಷಣೆ ನೀಡುತ್ತದೆ. ಅವರು ತಮ್ಮ ಹೆಸರು ಹೇಳಲೇಬೇಕೆಂಬ ಒತ್ತಾಯವಿಲ್ಲ.

ಕೇಂದ್ರ ಸರ್ಕಾರವು 2025ರ ಮೇ ತಿಂಗಳಲ್ಲಿ ಅಧಿಸೂಚಿಸಿದ ನಗದುರಹಿತ ಚಿಕಿತ್ಸಾ ಯೋಜನೆಯಂತೆ, ಮೋಟಾರು ವಾಹನದಿಂದ ಅಪಘಾತಕ್ಕೀಡಾದವರಿಗೆ ನಿಯೋಜಿತ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ 7 ದಿನಗಳವರೆಗೆ, 1.5 ಲಕ್ಷ ರೂ. ಮಿತಿಯಲ್ಲಿ ಚಿಕಿತ್ಸೆಗೆ ಅವಕಾಶವಿದೆ. ಸೈಕಲ್ ಸವಾರರಿಗೂ ಇದು ಅನ್ವಯಿಸುತ್ತದೆ.

ಮುಖ್ಯ ಸೂಚನೆ: ಸ್ಥಳದಲ್ಲಿಯೇ ಒಂದಿಷ್ಟು ಹಣ ಪಡೆದು, ಪೊಲೀಸರಿಗೆ ತಿಳಿಸದೆ ರಾಜಿ ಮಾಡಿಕೊಳ್ಳುವ ಮುನ್ನ ಯೋಚಿಸಬೇಕು. ತಲೆಯ ಪೆಟ್ಟು, ಮೂಳೆಯ ಬಿರುಕು ಮುಂತಾದವು ಅದೇ ದಿನ ತಿಳಿಯದೆ ಇರಬಹುದು. ತಿಂಗಳ ನಂತರ ಶಸ್ತ್ರಚಿಕಿತ್ಸೆ ಬೇಕೆಂದು ವೈದ್ಯರು ಹೇಳಿದಾಗ, ವಾಹನದ ಸಂಖ್ಯೆಯಾಗಲಿ, ಪ್ರಥಮ ವರ್ತಮಾನ ವರದಿಯಾಗಲಿ, ಗಾಯದ ಪ್ರಮಾಣಪತ್ರವಾಗಲಿ ಇಲ್ಲದಿದ್ದರೆ ಪರಿಹಾರ ಕೇಳಲು ಆಧಾರವೇ ಇರುವುದಿಲ್ಲ. ಮೋಟಾರು ವಾಹನಗಳಿಗೆ ಮೂರನೇ ವ್ಯಕ್ತಿಯ ವಿಮೆ ಕಡ್ಡಾಯವಾಗಿರುವುದು ಇಂತಹ ಸಂದರ್ಭಗಳಿಗಾಗಿಯೇ. ವಿಮೆ ಇರುವ ವಾಹನದ ಮಾಲೀಕನ ಮೇಲಿನ ಮರುಕದಿಂದ ಗಾಯಾಳು ತನ್ನ ಹಕ್ಕು ಬಿಟ್ಟುಕೊಡಬೇಕಾದ ಅಗತ್ಯವಿಲ್ಲ.

ಐವರ್ನಾಡು ಪರಿಸರದವರು ಬೆಳ್ಳಾರೆ ಪೊಲೀಸ್ ಠಾಣೆಯಲ್ಲಿ ದೂರು ನೀಡಬಹುದು. ದೂರನ್ನು ಯಾವುದೇ ಠಾಣೆಯಲ್ಲಿಯೂ ನೀಡಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023ರ ಕಲಂ 173ರಲ್ಲಿ ಅವಕಾಶವಿದೆ. ವರದಿಯ ಪ್ರತಿಯನ್ನು ಉಚಿತವಾಗಿ ಪಡೆಯಬಹುದು. ದೂರು ದಾಖಲಿಸಲು ನಿರಾಕರಿಸಿದಲ್ಲಿ ಜಿಲ್ಲಾ ಪೊಲೀಸ್ ಅಧೀಕ್ಷಕರಿಗೆ ಅಂಚೆ ಮೂಲಕ ಲಿಖಿತ ದೂರು ಕಳುಹಿಸಬಹುದು.

9. ಪರಿಹಾರಕ್ಕೆ ಅರ್ಜಿ ಸಲ್ಲಿಸುವ ಕ್ರಮ

(ಅ) ವಾಹನ ಗುರುತಿಸಲ್ಪಟ್ಟಿದ್ದಲ್ಲಿ: ಮೋಟಾರು ಅಪಘಾತ ಪರಿಹಾರ ನ್ಯಾಯಾಧಿಕರಣಕ್ಕೆ ಕಲಂ 166ರಡಿ ಅರ್ಜಿ ಸಲ್ಲಿಸಬೇಕು. ಅಪಘಾತ ನಡೆದ ಸ್ಥಳ, ಅರ್ಜಿದಾರರ ವಾಸಸ್ಥಳ ಅಥವಾ ಎದುರುದಾರರ ವಾಸಸ್ಥಳ, ಇವುಗಳಲ್ಲಿ ಯಾವುದರ ವ್ಯಾಪ್ತಿಯ ನ್ಯಾಯಾಧಿಕರಣಕ್ಕಾದರೂ ಸಲ್ಲಿಸಬಹುದು. ವಯಸ್ಸು, ಆದಾಯ, ಅಂಗವೈಕಲ್ಯ ಮತ್ತು ಚಿಕಿತ್ಸಾ ವೆಚ್ಚವನ್ನು ಪರಿಗಣಿಸಿ ಮೊತ್ತ ನಿರ್ಧಾರವಾಗುತ್ತದೆ. ಸವಾರನದೂ ತಪ್ಪಿದ್ದಲ್ಲಿ ಆ ಪ್ರಮಾಣದಲ್ಲಿ ಮೊತ್ತ ಕಡಿತವಾಗಬಹುದು. 2019ರ ತಿದ್ದುಪಡಿಯು ಅಪಘಾತದಿಂದ 6 ತಿಂಗಳ ಕಾಲಮಿತಿಯನ್ನು ವಿಧಿಸಿರುವುದರಿಂದ ಅಷ್ಟರೊಳಗೆ ಅರ್ಜಿ ಸಲ್ಲಿಸುವುದು ಕ್ಷೇಮಕರ.

(ಆ) ತಪ್ಪು ಯಾರದೆಂದು ಸಾಬೀತುಪಡಿಸುವುದು ಕಷ್ಟವಾದಲ್ಲಿ: ಕಲಂ 164ರಡಿ ತಪ್ಪನ್ನು ರುಜುವಾತು ಮಾಡದೆಯೇ ಸಾವಿಗೆ 5 ಲಕ್ಷ ರೂ., ತೀವ್ರ ಗಾಯಕ್ಕೆ 2.5 ಲಕ್ಷ ರೂ. ಪರಿಹಾರವನ್ನು ಕೋರಬಹುದು.

(ಇ) ಡಿಕ್ಕಿ ಹೊಡೆದ ವಾಹನ ಪತ್ತೆಯಾಗದಿದ್ದಲ್ಲಿ: 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಯೋಜನೆಯಂತೆ ಸಾವಿಗೆ 2 ಲಕ್ಷ ರೂ., ತೀವ್ರ ಗಾಯಕ್ಕೆ 50,000 ರೂ. ದೊರೆಯುತ್ತದೆ. ನಮೂನೆ-1ರಲ್ಲಿ ಅರ್ಜಿಯನ್ನು ವಿಚಾರಣಾಧಿಕಾರಿಯಾದ ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರರಿಗೆ ಸಲ್ಲಿಸಬೇಕು. ಸುಳ್ಯ ತಾಲ್ಲೂಕು ಪುತ್ತೂರು ಉಪವಿಭಾಗಕ್ಕೆ ಸೇರಿದೆ. ಮಂಜೂರಾತಿ ಜಿಲ್ಲಾಧಿಕಾರಿಗಳದು.

ಲಗತ್ತಿಸಬೇಕಾದ ದಾಖಲೆಗಳು: ಪ್ರಥಮ ವರ್ತಮಾನ ವರದಿಯ ಪ್ರತಿ, ಗಾಯದ ಪ್ರಮಾಣಪತ್ರ ಅಥವಾ ಮರಣೋತ್ತರ ಪರೀಕ್ಷಾ ವರದಿ, ಆಸ್ಪತ್ರೆಯ ಬಿಲ್ಲುಗಳು, ಗಾಯಾಳು ಹಾಗೂ ಅರ್ಜಿದಾರರ ಗುರುತು ಮತ್ತು ವಿಳಾಸದ ದಾಖಲೆ, ಬ್ಯಾಂಕ್ ಪಾಸ್‌ಪುಸ್ತಕದ ಪ್ರತಿ. ಹಾನಿಯಾದ ಸೈಕಲ್ಲಿನ ಛಾಯಾಚಿತ್ರವನ್ನೂ ಇಟ್ಟುಕೊಳ್ಳುವುದು ಉಪಯುಕ್ತ. ಅಪ್ರಾಪ್ತ ವಯಸ್ಕರ ಪರವಾಗಿ ತಂದೆ, ತಾಯಿ ಅಥವಾ ಪೋಷಕರು ಅರ್ಜಿ ಸಲ್ಲಿಸಬಹುದು.

ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಲಭ್ಯವಿದೆ. ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಅಥವಾ 15100 ಸಂಖ್ಯೆಯ ಸಹಾಯವಾಣಿಯನ್ನು ಸಂಪರ್ಕಿಸಬಹುದು. ಅರ್ಜಿ ಸಲ್ಲಿಸಲು ಮಧ್ಯವರ್ತಿಗಳ ಅವಶ್ಯಕತೆ ಇರುವುದಿಲ್ಲ.

ರಸ್ತೆಯನ್ನು ಅಗಲಗೊಳಿಸುವುದು ಎಲ್ಲೆಡೆಯೂ ಸಾಧ್ಯವಾಗದು. ಇರುವ ರಸ್ತೆಯಲ್ಲಿ ಅರ್ಧ ನಿಮಿಷ ಕಾಯುವುದು ಎಲ್ಲ ಚಾಲಕರಿಗೂ, ಒಂದು ದೀಪ ಹಾಕಿಸಿಕೊಳ್ಳುವುದು ಎಲ್ಲ ಸವಾರರಿಗೂ ಸಾಧ್ಯ. ಸಾರ್ವಜನಿಕರು ಮೇಲ್ಕಂಡ ಮಾಹಿತಿಯ ಸದುಪಯೋಗ ಪಡೆದುಕೊಳ್ಳಬೇಕಾಗಿ ಕೋರಲಾಗಿದೆ.